ಹರಡದ ಬೆಳಕು: ಬೇರಿಂಗ್ ಗುಂಡಿನ ನೆರಳಿನಿಂದ ಗಾಜಿನ ಶಂಕುವಿನವರೆಗೆ

ಸೈಕಲ್ ಶಾಪಿನಲ್ಲಿ ಸಿಗುವ 4 ಮಿಲಿಮೀಟರಿನ ಬೇರಿಂಗ್ ಗುಂಡು ಒಂದಿದ್ದರೆ ಸಾಕು. ಅದನ್ನು ಚೆನ್ನಾಗಿ ಒರೆಸಿದ ಗಾಜಿನ ಚೂರಿಗೆ ಅಂಟಿಸಬೇಕು. ಲೇಸರ್ ಟಾರ್ಚಿನ ಬೆಳಕನ್ನು ಪುಟ್ಟ ಲೆನ್ಸಿನಿಂದ ಅಗಲ ಮಾಡಿ ಗುಂಡಿನ ಮೇಲೆ ಬಿಡಬೇಕು. ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವ ನಾನು ಪ್ರತಿವರ್ಷ ಕಿಟಕಿಗಳಿಗೆ ಗೋಣಿಚೀಲ ಕಟ್ಟಿ ಇದನ್ನು ತೋರಿಸುತ್ತೇನೆ. ಐದು ಮೀಟರ್ ಆಚೆಯ ಗೋಡೆಯ ಮೇಲೆ ದುಂಡನೆಯ ನೆರಳು ಬೀಳುತ್ತದೆ. ಆ ಕತ್ತಲಿನ ನಟ್ಟನಡುವೆ ಸಾಸಿವೆ ಕಾಳಿನಷ್ಟು ಬೆಳಕಿನ ಚುಕ್ಕೆ. "ಗುಂಡಿನಾಗೆ ತೂತೈತೇನ್ ಸರ್?" ಎಂದು ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ.

ತೂತಿಲ್ಲ. ಗುಂಡಿನ ಅಂಚನ್ನು ಸವರಿಕೊಂಡು ಹೋದ ಬೆಳಕು ಸುತ್ತಲಿಂದಲೂ ಒಳಕ್ಕೆ ಬಾಗುತ್ತದೆ. ನಡುಗೆರೆಗೆ ಎಲ್ಲ ಅಂಚಿನಿಂದಲೂ ಒಂದೇ ದೂರವಾದ್ದರಿಂದ ಅಲೆಗಳ ಏರು ಏರಿಗೇ ಕೂಡಿ ಅಲ್ಲಿ ಬೆಳಕಾಗುತ್ತದೆ. 1818ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಸ್ಪರ್ಧೆಗೆ ಫ್ರೆನೆಲ್ ಎಂಬಾತ ಬೆಳಕು ಅಲೆಯೆಂಬ ತನ್ನ ಸಿದ್ಧಾಂತ ಕಳಿಸಿದಾಗ, ತೀರ್ಪುಗಾರರಲ್ಲಿ ಒಬ್ಬನಾದ ಪಾಯ್ಸನ್ ಲೆಕ್ಕ ಹಾಕಿ ಹೇಳಿದ್ದು ಇದನ್ನೇ: ಈ ಮಾತು ನಿಜವಾದರೆ ನೆರಳಿನ ನಡುವೆ ಬೆಳಕಿರಬೇಕು, ಅದು ಅಸಂಬದ್ಧ. ಇನ್ನೊಬ್ಬ ತೀರ್ಪುಗಾರ ಅರಾಗೊ 2 ಮಿಲಿಮೀಟರಿನ ಲೋಹದ ಬಿಲ್ಲೆಯನ್ನು ಮೇಣದಿಂದ ಗಾಜಿಗೆ ಕೂರಿಸಿ ನೋಡಿದ. ಚುಕ್ಕೆ ಇತ್ತು. ಬಹುಮಾನ ಫ್ರೆನೆಲ್‌ಗೆ ಹೋಯಿತು. ಸುಮಾರು ನೂರು ವರ್ಷ ಮೊದಲೇ, 1723ರಲ್ಲಿ, ಮರಾಲ್ಡಿ ಎಂಬಾತ ಇದೇ ಚುಕ್ಕೆಯನ್ನು ಕಂಡಿದ್ದ. ಆಗ ಯಾರೂ ಲಕ್ಷ್ಯ ಕೊಡಲಿಲ್ಲ ಎಂಬುದು ನನಗೆ ಈಗಲೂ ಬೇಸರದ ಸಂಗತಿ.

ಅಂಚಿನಲ್ಲಿ ಬೆಳಕು ಹೀಗೆ ಬಾಗಿ ಹರಡುವುದೇ ವಿವರ್ತನೆ. ಲೇಸರ್ ಕಿರಣವೂ ಇದರಿಂದ ತಪ್ಪಿಸಿಕೊಳ್ಳಲಾರದು. ಕಿರಣವನ್ನು ಎಷ್ಟು ಸಣ್ಣಗೆ ಮಾಡುತ್ತೀರೋ ಅಷ್ಟು ಬೇಗ ಹರಡುತ್ತದೆ. ಕೂದಲಿನಷ್ಟು ತೆಳ್ಳಗಿನ ಕೆಂಪು ಲೇಸರ್ ಕಿರಣ ಒಂದೆರಡು ಸೆಂಟಿಮೀಟರಿನಲ್ಲೇ ಅಗಲವಾಗತೊಡಗುತ್ತದೆ. ಹರಡದ ಕಿರಣ ಸಾಧ್ಯವೇ ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ಉತ್ತರದ ಸಲಕರಣೆ ಪ್ರಶ್ನೆಗಿಂತ ಮೊದಲೇ ತಯಾರಾಗಿತ್ತು. ಅಮೆರಿಕದ ರಾಚೆಸ್ಟರ್ ನಗರದ ಕೊಡಾಕ್ ಕಂಪನಿಯಲ್ಲಿದ್ದ ಜಾನ್ ಮೆಕ್ಲಿಯಡ್ 1954ರಲ್ಲಿ ಶಂಕುವಿನಾಕಾರದ ಗಾಜೊಂದನ್ನು ವಿವರಿಸಿ ಅದಕ್ಕೆ 'ಆಕ್ಸಿಕಾನ್' ಎಂದು ಹೆಸರಿಟ್ಟರು. ಸಾಮಾನ್ಯ ಲೆನ್ಸು ಬೆಳಕನ್ನು ಒಂದು ಬಿಂದುವಿನಲ್ಲಿ ಕೂಡಿಸಿದರೆ, ಇದು ಉದ್ದನೆಯ ಗೆರೆಯುದ್ದಕ್ಕೂ ಕೂಡಿಸುತ್ತದೆ. 33 ವರ್ಷಗಳ ನಂತರ, ಅದೇ ಊರಿನ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡರ್ನಿನ್, ಮಿಚೆಲಿ, ಎಬರ್ಲಿ ಎಂಬ ಮೂವರು 1987ರಲ್ಲಿ ಹರಡದ ಕಿರಣವನ್ನು ಮಾಡಿ ತೋರಿಸಿದರು. ಅವರು ಬಳಸಿದ್ದು ಶಂಕುವನ್ನಲ್ಲ, ಬಳೆಯಾಕಾರದ ಸಣ್ಣ ಸೀಳನ್ನು. ಅದರಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ಬೆಳಕು ವ್ಯರ್ಥವಾಗುತ್ತಿತ್ತು. ಆದರೂ ನಡುವಿನ ಸಣ್ಣ ಚುಕ್ಕೆ ಸುಮಾರು 85 ಸೆಂಟಿಮೀಟರ್ ದೂರ ಅಗಲವಾಗದೆ ಉಳಿಯಿತು. ಬೆಳಕು ಪೋಲಾಗದಂತೆ ಅದೇ ಕಿರಣ ಪಡೆಯಲು ಮುಂದೆ ಎಲ್ಲರೂ ಶಂಕುವಿನ ಕಡೆಗೇ ತಿರುಗಿದರು.

ನಡುವೆ ಚುಕ್ಕೆ, ಸುತ್ತ ಉಂಗುರದ ಮೇಲೆ ಉಂಗುರ. ಇದಕ್ಕೆ ಬೆಸೆಲ್ ಕಿರಣ ಎಂದು ಹೆಸರು. ಜರ್ಮನಿಯ ಖಗೋಳಜ್ಞ ಬೆಸೆಲ್ ಗ್ರಹಗಳ ಚಲನೆಗಾಗಿ ಬೆಳೆಸಿದ ಗಣಿತವೇ ಈ ಉಂಗುರಗಳಲ್ಲೂ ಇದೆ. ತಮಟೆಯ ಚರ್ಮ ನಡುಗುವ ರೀತಿಗೂ ಅದೇ ಲೆಕ್ಕ.

'ಹರಡದ' ಎಂಬ ಮಾತನ್ನು ಮಾತ್ರ ಜೋಪಾನವಾಗಿ ಹಿಡಿಯಬೇಕು. ನಾಯಕನಹಟ್ಟಿ ತೇರು ನೋಡಿದವರಿಗೆ ಇದು ಬೇಗ ಹಿಡಿಸುತ್ತದೆ. ಹಗ್ಗ ಹಿಡಿದವರು ಕೈಸೋತು ಪಕ್ಕಕ್ಕೆ ಸರಿಯುತ್ತಾರೆ, ಪಕ್ಕದಲ್ಲಿದ್ದವರು ನುಗ್ಗಿ ಹಿಡಿಯುತ್ತಾರೆ. ಹಗ್ಗ ಎಂದೂ ಖಾಲಿ ಬೀಳುವುದಿಲ್ಲ. ಬೆಸೆಲ್ ಕಿರಣದ ನಡುಚುಕ್ಕೆಯೂ ಹಾಗೆಯೇ. ಅಲ್ಲಿಗೆ ಬಂದ ಬೆಳಕು ದಾಟಿ ಹೋಗುತ್ತಲೇ ಇರುತ್ತದೆ, ಉಂಗುರಗಳಿಂದ ಹೊಸ ಬೆಳಕು ಓರೆಯಾಗಿ ಬಂದು ಆ ಜಾಗ ತುಂಬುತ್ತದೆ. ಪಕ್ಕದ ಜನ ಮುಗಿದಾಗ ಕಿರಣವೂ ಮುಗಿಯುತ್ತದೆ. ಹೀಗಾಗಿ ಕಿರಣ ದೂರ ಹೋಗಬೇಕಾದರೆ ಹೊರಡುವಾಗಲೇ ಅಗಲವಾಗಿರಬೇಕು. 1987ರ ಆ ಸಣ್ಣ ಚುಕ್ಕೆಯನ್ನು 1 ಕಿಲೋಮೀಟರ್ ಒಯ್ಯಲು ಹೊರಡುವ ಬೆಳಕು ಸುಮಾರು 8 ಮೀಟರ್ ಅಗಲ ಇರಬೇಕೆಂದು ಲೆಕ್ಕ ಹೇಳುತ್ತದೆ. ನಡುಚುಕ್ಕೆಯಲ್ಲಿರುವ ಶಕ್ತಿಯೂ ಹೆಚ್ಚುಕಡಿಮೆ ಒಂದು ಉಂಗುರದ್ದಷ್ಟೇ. ಉಂಗುರ ಹೆಚ್ಚಿದಷ್ಟೂ ನಡುವಿನ ಪಾಲು ಕಡಿಮೆ.

ಇಷ್ಟು ಬೆಲೆ ತೆತ್ತೂ ಇದನ್ನು ಯಾಕೆ ಬಳಸುತ್ತಾರೆ? ಫೋಟೋ ಫ್ರೇಮ್ ಅಂಗಡಿಯವರು ಗಾಜು ಕತ್ತರಿಸುವುದನ್ನು ಗಮನಿಸಿ. ಕಟರ್‌ನಿಂದ ಕಿರ್ರ್ ಎಂದು ಒಂದು ಗೀರು ಎಳೆದು, ಕೆಳಗಿನಿಂದ ಮೆಲ್ಲಗೆ ತಟ್ಟಿ ಮುರಿಯುತ್ತಾರೆ. ನೇರ ಗೆರೆ ಸಲೀಸು. ಮೂಲೆ ದುಂಡಗೆ ಬೇಕೆಂದರೆ ಗಾಜು ಅಡ್ಡಾದಿಡ್ಡಿ ಸೀಳುತ್ತದೆ. ಸಾಮಾನ್ಯ ಲೇಸರನ್ನು ಬಿಗಿಯಾಗಿ ಕೂಡಿಸಿದರೆ ಬಿಸಿ ಒಂದೇ ಆಳದಲ್ಲಿ ಬೀಳುತ್ತದೆ. ಬೆಸೆಲ್ ಕಿರಣದ ಕ್ಷಣಾಂಶದ ಒಂದೇ ಮಿಡಿತ ಗಾಜಿನ ಮೇಲಿನಿಂದ ತಳದವರೆಗೂ ಸೂಜಿಗಿಂತ ಸಣ್ಣ ಗುರುತು ಕೊರೆಯಬಲ್ಲದು. ಅಂಚೆಚೀಟಿ ಹಾಳೆಯ ತೂತುಗಳಂತೆ ಅವನ್ನು ಸಾಲಾಗಿ ಕೊರೆದರೆ, ಬೇಕಾದ ತಿರುವಿನಲ್ಲೇ ಗಾಜು ಬಿಡಿಸಿಕೊಳ್ಳುತ್ತದೆ. ಮೊಬೈಲ್ ಪರದೆಯಂಥ ತೆಳು, ಗಟ್ಟಿ ಗಾಜಿಗೆ ಈ ವಿಧಾನ ಒಗ್ಗಿದೆ.

ಸೂಕ್ಷ್ಮದರ್ಶಕದಲ್ಲಿ ಉಂಗುರಗಳೇ ತೊಡಕಾದವು. ಜೀವಕೋಶದೊಳಗೆ ತೆಳು ಬೆಳಕಿನ ಹಾಳೆ ಹಾಯಿಸಬೇಕೆಂದರೆ ಉಂಗುರಗಳು ಬೇಡದ ಭಾಗವನ್ನೂ ಬೆಳಗುತ್ತಿದ್ದವು. ಅಮೆರಿಕದ ವಿಜ್ಞಾನಿ ಎರಿಕ್ ಬೆಟ್ಸಿಗ್ ತಂಡ ಅನೇಕ ಬೆಸೆಲ್ ಕಿರಣಗಳನ್ನು ಅಕ್ಕಪಕ್ಕ ಜೋಡಿಸಿ, ಒಂದರ ಉಂಗುರವನ್ನು ಇನ್ನೊಂದರಿಂದ ಅಳಿಸುವ ಜಾಲರಿ ವಿಧಾನವನ್ನು 2014ರಲ್ಲಿ ಪ್ರಕಟಿಸಿತು. ಬದುಕಿರುವ ಕೋಶ ವಿಭಜನೆಯಾಗುವುದನ್ನು ಅದಕ್ಕೆ ಹೆಚ್ಚು ಪೆಟ್ಟಾಗದಂತೆ ನೋಡಲು ದಾರಿಯಾಯಿತು. ಈ ಬಳಗಕ್ಕೆ ಸೇರಿದ ಬಾಗಿ ಸಾಗುವ 'ಏರಿ' (Airy) ಎಂಬ ಹೆಸರಿನ ಕಿರಣವೂ ಇದೆ. 1979ರಲ್ಲಿ ಗಣಿತವಾಗಿ ಹುಟ್ಟಿ 2007ರಲ್ಲಿ ಫ್ಲಾರಿಡಾದಲ್ಲಿ ಬೆಳಕಾಗಿ ಕಂಡಿತು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ 2002ರ ಪ್ರಯೋಗ. ಒಂದೇ ಬೆಸೆಲ್ ಕಿರಣದಿಂದ, 3 ಮಿಲಿಮೀಟರ್ ಅಂತರದ ಎರಡು ಪುಟ್ಟ ಪೆಟ್ಟಿಗೆಗಳಲ್ಲಿ ಕಣಗಳನ್ನು ಒಟ್ಟಿಗೇ ಹಿಡಿದಿಟ್ಟರು. ಮೊದಲ ಕಣ ದಾರಿಗೆ ಅಡ್ಡ ಇದ್ದರೂ ಕಿರಣ ಅದರಾಚೆ ತನ್ನನ್ನು ತಾನೇ ಕೂಡಿಸಿಕೊಂಡು ಎರಡನೆಯದನ್ನೂ ಹಿಡಿಯಿತು.

ಈ ಸಲ ಅದನ್ನು ತರಗತಿಯಲ್ಲಿ ಹೇಳಿದಾಗ ಒಬ್ಬ ಹುಡುಗಿ ಎದ್ದುಬಂದು ಕಸಬರಿಗೆಯಿಂದ ಒಂದು ಕಡ್ಡಿ ಕಿತ್ತು, ಬೇರಿಂಗ್ ಗುಂಡಿಗೂ ಗೋಡೆಗೂ ಅರ್ಧ ದಾರಿಯಲ್ಲಿ, ನೆರಳಿನ ನಡುವೆಯೇ ಅಡ್ಡ ಹಿಡಿದಳು. ಚುಕ್ಕೆ ಮಂಕಾಯಿತು, ಹೋಗಲಿಲ್ಲ. ಕಡ್ಡಿಯನ್ನು ಹಿಡಿದುಕೊಂಡೇ ಒಂದೊಂದು ಹೆಜ್ಜೆ ಗೋಡೆಯ ಕಡೆ ನಡೆದಳು. ಗೋಡೆಗೆ ಹತ್ತಿಕೊಂಡಂತೆ ಹಿಡಿದ ಮೇಲಷ್ಟೇ ಅದು ಪೂರ್ತಿ ಮರೆಯಾಯಿತು.