ತಲೆ ಎತ್ತಿ ಆಡುವುದನ್ನು ಕಲಿಯೋಕೆ ಎಷ್ಟು ದಿನ ಬೇಕು?

ಮಾಂಟ್ರಿಯಲ್‌ನಲ್ಲಿ ಚಳಿಗಾಲದ ಸಂಜೆ ಏಳಕ್ಕೆ ಐಸ್ ಹಾಕಿ ಆಟ ಶುರುವಾದರೆ ನಮ್ಮಲ್ಲಿ ಮರುದಿನ ಬೆಳಿಗ್ಗೆ ಐದೂವರೆ. ಹಾಲಿನವನಿಗಿಂತ ಮುಂಚೆ ಎದ್ದು ಈ ಆಟ ನೋಡುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು ಜನ ಇರಬಹುದು. ಆದರೂ ಆ ಊರಿನ ತಂಡದ ಒಬ್ಬ ಹುಡುಗನ ಕಥೆಯನ್ನು ಐಸ್ ಹಾಕಿ ಗೊತ್ತಿಲ್ಲದವರಿಗೂ ಹೇಳಬೇಕು ಅನಿಸುತ್ತದೆ. ಕಲಿಯುವುದು ಅಂದರೆ ಏನು, ಎಷ್ಟು ಕಷ್ಟ ಕೊಟ್ಟರೆ ಮನುಷ್ಯ ಕಲಿಯುತ್ತಾನೆ, ಎಷ್ಟು ಕೊಟ್ಟರೆ ಮುದುಡುತ್ತಾನೆ ಅನ್ನುವುದೆಲ್ಲ ಅದರಲ್ಲಿದೆ.

ಹುಡುಗನ ಹೆಸರು ಯುರಾಯ್ ಸ್ಲಾಫ್ಕೋವ್ಸ್ಕಿ. ಸ್ಲೊವಾಕಿಯಾದ ಕೊಶಿತ್ಸೆ ಊರಿನವನು, ಹುಟ್ಟಿದ್ದು 2004ರ ಮಾರ್ಚ್ 30. ಎತ್ತರ 191 ಸೆಂಟಿಮೀಟರ್, ತೂಕ ನೂರು ಕಿಲೋಗೂ ಜಾಸ್ತಿ, ಆಡುವುದು ಫಾರ್ವರ್ಡ್ ಆಗಿ, ಅಂದರೆ ಗೋಲ್ ಹೊಡೆಯುವ ಸಾಲಿನಲ್ಲಿ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಇವನಿಗಿನ್ನೂ 17. ಏಳು ಆಟದಲ್ಲಿ ಏಳು ಗೋಲ್ ಹೊಡೆದ, ಟೂರ್ನಿಯ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ, ಸ್ಲೊವಾಕಿಯಾಕ್ಕೆ ಕಂಚು ಬಂತು. ಆ ಜುಲೈನಲ್ಲಿ ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಡ್ರಾಫ್ಟ್ ಮಾಂಟ್ರಿಯಲ್‌ನಲ್ಲೇ ನಡೆಯಿತು. ಡ್ರಾಫ್ಟ್ ಅಂದರೆ ಕ್ಲಬ್‌ಗಳು ಸರದಿಯಂತೆ ಎಳೆಯ ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿ. ಮಾಂಟ್ರಿಯಲ್ ಕೆನೇಡಿಯನ್ಸ್ ತಮ್ಮದೇ ಊರಿನ ಜನರೆದುರು ಇವನನ್ನು ಎಲ್ಲರಿಗಿಂತ ಮೊದಲು ಆರಿಸಿತು.

ಆಮೇಲೆ ನಡೆದದ್ದು ಅಷ್ಟು ಚೆನ್ನಾಗಿಲ್ಲ. ಮೊದಲ ಸೀಸನ್‌ನಲ್ಲಿ 39 ಆಟ, 4 ಗೋಲ್, 6 ಅಸಿಸ್ಟ್. ಅಸಿಸ್ಟ್ ಅಂದರೆ ಜೊತೆಗಾರನ ಗೋಲಿಗೆ ದಾರಿ ಮಾಡಿದ ಪಾಸ್; ಗೋಲಿಗೂ ಅಸಿಸ್ಟ್‌ಗೂ ಆಟಗಾರನಿಗೆ ಒಂದೊಂದು ಅಂಕ. ಜನವರಿಯಲ್ಲಿ ಮೊಣಕಾಲಿಗೆ ಪೆಟ್ಟು ಬಿದ್ದು ಸೀಸನ್ ಅಲ್ಲಿಗೇ ಮುಗಿಯಿತು.

ಅಂಕಿಯನ್ನು ಸ್ವಲ್ಪ ಬದಿಗಿಡೋಣ. ಆ ವರ್ಷ ಇವನ ಆಟ ನೋಡಿದವರಿಗೆ ಎದ್ದು ಕಾಣುತ್ತಿದ್ದದ್ದು ಬೇರೆಯೇ ಒಂದು ಸಂಗತಿ. ಹುಡುಗ ತಲೆ ತಗ್ಗಿಸಿಕೊಂಡು ಆಡುತ್ತಿದ್ದ. ಕಾಲಲ್ಲಿ ಸ್ಕೇಟ್, ಕೈಯಲ್ಲಿ ಸ್ಟಿಕ್, ಸ್ಟಿಕ್‌ನ ತುದಿಯಲ್ಲಿ 170 ಗ್ರಾಂ ತೂಕದ ರಬ್ಬರ್ ಬಿಲ್ಲೆ, ಅಂದರೆ ಪಕ್. ಕಣ್ಣು ಆ ಪಕ್ ಮೇಲೇ ನೆಟ್ಟರೆ ಎದುರಿಂದ ಬರುವವನು ಕಾಣುವುದಿಲ್ಲ. ಇಬ್ಬರೂ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಎದುರುಬದುರಾಗಿ ಬರುತ್ತಿದ್ದಾರೆ ಅಂದುಕೊಳ್ಳಿ. ಕಣ್ಣಿಗೆ ಬಿದ್ದದ್ದಕ್ಕೆ ಕೈಕಾಲು ಅಲುಗಾಡಲು ಸುಮಾರು 0.2 ಸೆಕೆಂಡ್ ಬೇಕು. ಅಷ್ಟರಲ್ಲಿ ಇಬ್ಬರೂ ಸೇರಿ ಮೂರು ಮೀಟರ್‌ಗೂ ಜಾಸ್ತಿ ದೂರ ನುಂಗಿರುತ್ತಾರೆ. ಕಂಡ ಮೇಲೆ ತಪ್ಪಿಸಿಕೊಳ್ಳುತ್ತೇನೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಇವನು ಸಿಕ್ಕಾಪಟ್ಟೆ ಪೆಟ್ಟು ತಿಂದ.

ಒಲಿಂಪಿಕ್ಸ್‌ನ ಅತ್ಯುತ್ತಮ ಆಟಗಾರನಿಗೆ ತಲೆ ಎತ್ತಿ ಆಡುವುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಲ್ಲೇ ಇರುವುದು ವಿಷಯ.

1979ರಲ್ಲಿ ಜ್ಯಾಕ್ ಲೆವಿಟ್ ಅನ್ನುವ ಸಂಶೋಧಕ ಐಸ್ ಹಾಕಿ ಆಟಗಾರರ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ಪುಟ್ಟ ಹುಡುಗರಿಂದ ಹಿಡಿದು ವಿಶ್ವವಿದ್ಯಾಲಯದ ತಂಡದವರ ತನಕ ಬೇರೆ ಬೇರೆ ಅನುಭವದವರನ್ನು ಐಸ್ ಮೇಲೆ ಓಡಿಸಿದರು. ಮೊದಲು ಸುಮ್ನೆ ಸ್ಕೇಟಿಂಗ್, ಆಮೇಲೆ ಪಕ್ ನಡೆಸಿಕೊಂಡು, ಆಮೇಲೆ ಎದುರಿನ ಪರದೆಯಲ್ಲಿ ಕಾಣುವ ಆಕಾರಗಳನ್ನು ಗುರುತಿಸಿಕೊಂಡು. ಕೆಲಸ ಸೇರುತ್ತಾ ಹೋದಂತೆ ಹೊಸಬರ ವೇಗ ಬಿದ್ದುಹೋಯಿತು. ಅನುಭವಿಗಳಿಗೆ ಹೆಚ್ಚೇನೂ ಆಗಲಿಲ್ಲ. ಅವರಿಗೆ ಸ್ಕೇಟಿಂಗ್ ಆಗಲೀ ಪಕ್ ನಡೆಸುವುದಾಗಲೀ ಗಮನ ಬೇಡುವ ಕೆಲಸವಾಗಿ ಉಳಿದಿರಲಿಲ್ಲ, ಸೈಕಲ್ ತುಳಿಯುತ್ತಾ ಮಾತಾಡಿದ ಹಾಗೆ.

ಗಮನ ಅನ್ನುವುದು ಒಂದು ಸಣ್ಣ ಜೇಬು. ಕೈಕಾಲು ಅದರಿಂದ ಖರ್ಚು ಮಾಡುವುದನ್ನು ನಿಲ್ಲಿಸಿದಾಗಲೇ ಕಣ್ಣಿಗೆ ಏನಾದರೂ ಉಳಿಯುವುದು. ಸ್ಲಾಫ್ಕೋವ್ಸ್ಕಿ ಬೆಳೆದ ಕಡೆ ಅವನ ಜೇಬಿನಲ್ಲಿ ಉಳಿತಾಯ ಬೇಕಾದಷ್ಟಿತ್ತು. ಎನ್‌ಎಚ್‌ಎಲ್‌ಗೆ ಬಂದ ತಕ್ಷಣ ಖಾಲಿ. ಯುರೋಪಿನ ರಿಂಕ್, ಅಂದರೆ ಐಸ್‌ನ ಅಂಗಳ, ಹಳೇ ಅಳತೆಯಲ್ಲಿ 30 ಮೀಟರ್ ಅಗಲ, ಎನ್‌ಎಚ್‌ಎಲ್‌ನದು 26. ಎದುರಾಳಿಗಳೆಲ್ಲ ಜಗತ್ತಿನ ಅತಿ ವೇಗದವರು. ಅದೇ ಕೈ, ಅದೇ ಕಾಲು, ಆದರೆ ಪಕ್ ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿಬಿಟ್ಟರೆ ತಲೆ ತಾನಾಗಿ ಕೆಳಗೆ ಹೋಗುತ್ತದೆ. ಅದು ಸೋಮಾರಿತನವೂ ಅಲ್ಲ, ಹೇಳಿದ್ದನ್ನು ಕೇಳದ ಹಟವೂ ಅಲ್ಲ. ಟಿವಿ ಮುಂದೆ ಕೂತು 'ತಲೆ ಎತ್ತೋ ಮಾರಾಯ' ಅಂತ ಕಿರುಚುವವರಿಗೆ (ನಾನೂ ಕಿರುಚಿದ್ದೇನೆ) ಇದು ಅರ್ಥವಾಗುವುದಿಲ್ಲ.

ಆಗ ಊರೆಲ್ಲ ಒಂದೇ ಜಗಳ. ಇವನನ್ನು ಲಾವಾಲ್‌ಗೆ ಕಳಿಸಬೇಕೋ ಬೇಡವೋ? ಲಾವಾಲ್ ಮಾಂಟ್ರಿಯಲ್‌ನ ಪಕ್ಕದ ಊರು. ಕೆನೇಡಿಯನ್ಸ್ ಕ್ಲಬ್‌ನ ಕಿರಿ ತಂಡ ಲಾವಾಲ್ ರಾಕೆಟ್ ಅಲ್ಲಿದೆ, ಆಡುವುದು ಎರಡನೇ ದರ್ಜೆಯ ಎಎಚ್‌ಎಲ್ ಲೀಗ್‌ನಲ್ಲಿ. ಎನ್‌ಎಚ್‌ಎಲ್‌ನಲ್ಲಿ ಆಡುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಆ ಲೀಗ್‌ನಲ್ಲಿ ಬೆವರು ಹರಿಸಿಯೇ ಬಂದವರು. ಇವನು ಕೆನಡಾದ ಜೂನಿಯರ್ ಲೀಗ್‌ನಿಂದ ಬಂದಿದ್ದರೆ ಲೀಗ್‌ಗಳ ನಡುವಿನ ಆಗಿನ ಒಪ್ಪಂದದ ಪ್ರಕಾರ 18ಕ್ಕೆ ಆ ದಾರಿ ಮುಚ್ಚಿರುತ್ತಿತ್ತು. ಫಿನ್ಲೆಂಡಿನ ಕ್ಲಬ್‌ನಿಂದ ಬಂದವನಾದ್ದರಿಂದ ತೆರೆದಿತ್ತು. ಒಂದು ಗುಂಪಿನ ಮಾತು, ನೀರಿಗಿಳಿಯದೆ ಈಜು ಬರುವುದಿಲ್ಲ, ಇಲ್ಲೇ ಇರಲಿ. ಇನ್ನೊಂದು ಗುಂಪಿನ ಮಾತು, ಗುದ್ದಿ ಹಣ್ಣು ಮಾಡಬೇಡಿ, ಮರದಲ್ಲೇ ಮಾಗಲಿ. ಡೆಟ್ರಾಯಿಟ್ ರೆಡ್ ವಿಂಗ್ಸ್ ಅಂತೂ ಎಷ್ಟೋ ವರ್ಷ ಎಳೆಯರನ್ನು ಚೆನ್ನಾಗಿ ಮಾಗಿದ ಮೇಲೂ ಇನ್ನಷ್ಟು ದಿನ ಕೆಳಗೇ ಇಟ್ಟು ಹೆಸರು ಮಾಡಿದ ಕ್ಲಬ್.

ನನಗೆ ಈ ಜಗಳವೇ ತಪ್ಪು ಪ್ರಶ್ನೆ ಇಟ್ಟುಕೊಂಡು ಹೊರಟಿತ್ತು ಅನಿಸುತ್ತದೆ. 2004ರಲ್ಲಿ ಮಾರ್ಕ್ ಗ್ವಾಡಗ್ನೋಲಿ ಮತ್ತು ತಿಮೋತಿ ಲೀ ಅನ್ನುವ ಇಬ್ಬರು, ಕೈಕಾಲಿನ ಕಲಿಕೆಯ ಬಗ್ಗೆ ಒಂದು ವಾದ ಮುಂದಿಟ್ಟರು. ಪ್ರತಿಯೊಬ್ಬ ಕಲಿಯುವವನಿಗೂ ಅವನ ಆ ಹೊತ್ತಿನ ಮಟ್ಟಕ್ಕೆ ತಕ್ಕ ಒಂದು ಕಷ್ಟದ ಅಳತೆ ಇರುತ್ತದೆ. ಅದಕ್ಕಿಂತ ಸುಲಭವಾದರೆ ಆಟ ಚೆನ್ನಾಗಿ ಕಾಣುತ್ತದೆ, ಮಿದುಳಿಗೆ ಹೊಸದೇನೂ ಸಿಗುವುದಿಲ್ಲ. ಜಾಸ್ತಿ ಕಷ್ಟವಾದರೆ ಹೊಸ ಸಂಗತಿ ರಾಶಿ ರಾಶಿ ಬರುತ್ತದೆ, ಹಿಡಿದುಕೊಳ್ಳಲು ತಲೆಗೆ ಬಿಡುವಿಲ್ಲ. ಇದರಲ್ಲಿ ಗಮನಿಸಬೇಕಾದದ್ದು, ಚೆನ್ನಾಗಿ ಆಡುವ ಜಾಗ ಮತ್ತು ಚೆನ್ನಾಗಿ ಕಲಿಯುವ ಜಾಗ ಒಂದೇ ಅಲ್ಲ. ಲಾವಾಲ್‌ನಲ್ಲಿ ಇವನು ವಾರಕ್ಕೆ ಎರಡು ಗೋಲ್ ಹೊಡೆದಿದ್ದರೆ ಎಲ್ಲರಿಗೂ ಖುಷಿ, ಆದರೆ ಬರೀ ಮೈಬಲದಿಂದ ಹೊಡೆದಿದ್ದರೆ ತಲೆ ತಗ್ಗಿದ್ದು ತಗ್ಗಿದಂತೆಯೇ ಉಳಿಯುತ್ತಿತ್ತು, ಅಲ್ವಾ?

ಹಾಗಾಗಿ ಯಾವ ಊರು ಅನ್ನುವುದಕ್ಕಿಂತ, ಅವನ ಒಂದೊಂದು ಶಿಫ್ಟ್‌ನಲ್ಲಿ ಏನು ನಡೆಯುತ್ತದೆ ಅನ್ನುವುದು ಮುಖ್ಯ. ಶಿಫ್ಟ್ ಅಂದರೆ ಐಸ್ ಮೇಲಿರುವ ಒಂದು ಸರದಿ, ಸುಮಾರು 45 ಸೆಕೆಂಡ್. ಅದಕ್ಕಿಂತ ಜಾಸ್ತಿ ಪೂರ್ತಿ ಬಲ ಹಾಕಿ ಓಡಲು ಆಗುವುದಿಲ್ಲ. ಮಾಂಸಖಂಡದಲ್ಲಿ ತಕ್ಷಣ ಸಿಗುವ ಇಂಧನ ಹತ್ತು ಸೆಕೆಂಡಿಗೆಲ್ಲ ತೀರುತ್ತದೆ, ಆಮೇಲೆ ಸಕ್ಕರೆ ಒಡೆದು ನಡೆಸಬೇಕು, ಕಾಲು ಭಾರವಾಗುತ್ತದೆ. ಆ 45 ಸೆಕೆಂಡಿನಲ್ಲಿ ಪಕ್ ಇವನ ಸ್ಟಿಕ್‌ಗೆ ಬರುವುದು ಒಂದೆರಡು ಸಲ, ಕೆಲವು ಸಲ ಇಲ್ಲವೇ ಇಲ್ಲ. ಬಂದಾಗ ಅವನಿಗೆ ನೋಡಲು ಎಷ್ಟು ಸಮಯ ಸಿಗುತ್ತದೆ? ಅದನ್ನು ತೀರ್ಮಾನಿಸುವುದು ಲೀಗ್ ಮಾತ್ರ ಅಲ್ಲ, ಜೊತೆಗಾರರೂ ಹೌದು.

ಕ್ಲಬ್ ಅವನನ್ನು ಕೆಳಗೆ ಕಳಿಸಲಿಲ್ಲ. ಕೋಚ್ ಮಾರ್ಟಿನ್ ಸೇಂಟ್ ಲೂಯಿ. ಇಲ್ಲೊಂದು ತಮಾಷೆ ಇದೆ. ಎಲ್ಲರಿಗಿಂತ ಮೊದಲು ಆಯ್ಕೆಯಾದ ಈ ದೈತ್ಯನಿಗೆ ಪಾಠ ಹೇಳಿದ್ದು ಡ್ರಾಫ್ಟ್‌ನಲ್ಲಿ ಯಾರೂ ಮುಟ್ಟಿಯೂ ನೋಡದ, ಐದಡಿ ಎಂಟಿಂಚಿನ ಮನುಷ್ಯ. ಅವರು ಎನ್‌ಎಚ್‌ಎಲ್‌ಗೆ ಕಾಲಿಟ್ಟದ್ದೇ 23ರಲ್ಲಿ. ಆಮೇಲೆ 2004ರಲ್ಲಿ ಲೀಗ್‌ನಲ್ಲೇ ಅತಿ ಹೆಚ್ಚು ಅಂಕ ಗಳಿಸಿದರು, 2013ರಲ್ಲಿ 37ನೇ ವಯಸ್ಸಿನಲ್ಲಿ ಮತ್ತೊಮ್ಮೆ. ಎನ್‌ಎಚ್‌ಎಲ್ ಕೋಚ್ ಆಗುವ ಮುಂಚೆ ತರಬೇತಿ ಕೊಡುತ್ತಿದ್ದದ್ದು ಶಾಲೆ ವಯಸ್ಸಿನ ಮಕ್ಕಳಿಗೆ. ಮೈಬಲವಿಲ್ಲದೆ ಬದುಕಿದ ಆಟಗಾರನಿಗೆ ಜಾಗ ಎಲ್ಲಿ ಖಾಲಿಯಾಗುತ್ತದೆ ಅನ್ನುವುದನ್ನು ಮೊದಲೇ ಓದುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಈ ಓದುವುದು ಅನ್ನುವುದಕ್ಕೂ ಹಳೆಯ ಪ್ರಯೋಗವೊಂದಿದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಚದುರಂಗದ ಆಟಗಾರರಿಗೆ ಹಲಗೆಯನ್ನು ಕೆಲವೇ ಸೆಕೆಂಡ್ ತೋರಿಸಿ ಮುಚ್ಚಿದರು. ನಿಜವಾದ ಆಟದ ನಡುವಿನ ಜೋಡಣೆ ಆಗಿದ್ದರೆ ಪಳಗಿದವರು ಕಾಯಿಗಳನ್ನು ಹೊಸಬರಿಗಿಂತ ಎಷ್ಟೋ ಚೆನ್ನಾಗಿ ನೆನಪಿನಿಂದ ಇಟ್ಟರು. ಕಾಯಿಗಳನ್ನು ಹೇಗೆಂದರೆ ಹಾಗೆ ಚೆಲ್ಲಿ ತೋರಿಸಿದಾಗ ಆ ಹೆಚ್ಚುಗಾರಿಕೆ ಮಾಯ. ಅಂದರೆ ಅವರ ನೆನಪು ದೊಡ್ಡದಲ್ಲ, ನಾಲ್ಕೈದು ಕಾಯಿಯನ್ನು ಒಂದೇ ಗುಂಪಾಗಿ ಗುರುತಿಸುತ್ತಾರೆ. ಹಾಕಿಯಲ್ಲೂ ಹಾಗೆಯೇ. ಹತ್ತು ಜನ ಓಡಾಡುವುದನ್ನು ಹತ್ತು ಬಿಡಿ ಸಂಗತಿಯಾಗಿ ನೋಡಿದರೆ ಯಾರ ಮಿದುಳೂ ತಡೆಯುವುದಿಲ್ಲ. ಎರಡು ಮೂರು ಚಿತ್ರವಾಗಿ ನೋಡಿದರೆ ಒಂದು ಇಣುಕು ಸಾಕು. ಆದರೆ ಗುಂಪು ಗುರುತಿಸಲು ಅದೇ ವೇಗದ, ಅದೇ ಲೀಗ್‌ನ ಚಿತ್ರಗಳನ್ನು ಸಾವಿರಾರು ಸಲ ನೋಡಿರಬೇಕು. ಇಲ್ಲೇ ಇರಲಿ ಅಂದವರ ವಾದದಲ್ಲಿ ತಿರುಳಿದ್ದದ್ದು ಇಷ್ಟೇ.

2023-24ರ ಸೀಸನ್‌ನೂ ನಿಧಾನವಾಗೇ ಶುರುವಾಯಿತು. ಆಮೇಲೆ ಅವನನ್ನು ನಿಕ್ ಸುಜುಕಿ ಮತ್ತು ಕೋಲ್ ಕಾಫೀಲ್ಡ್ ಜೊತೆ ಮೊದಲ ಲೈನ್‌ನಲ್ಲಿ ಆಡಿಸಿದರು. ಲೈನ್ ಅಂದರೆ ಒಟ್ಟಿಗೆ ಐಸ್‌ಗಿಳಿಯುವ ಮೂವರು ಫಾರ್ವರ್ಡ್‌ಗಳ ಗುಂಪು, ಮೊದಲನೆಯದು ತಂಡದ ಅತ್ಯುತ್ತಮರದು. ಮೇಲ್ನೋಟಕ್ಕೆ ಇದು ಕಷ್ಟ ಹೆಚ್ಚಿಸಿದಂತೆ, ಎದುರಿಗೆ ಇನ್ನೂ ಬಲವಾದ ಡಿಫೆನ್ಸ್ ಬರುತ್ತದೆ. ಒಳಗೆ ನೋಡಿದರೆ ಉಲ್ಟಾ. ಸುಜುಕಿ ಪಾಸ್ ಕೊಟ್ಟರೆ ಅದು ಸರಿಯಾದ ಹೊತ್ತಿಗೆ, ಸ್ಟಿಕ್‌ನ ಮೇಲೇ ಬರುತ್ತದೆ. ಕಾಫೀಲ್ಡ್ ಶಾಟ್‌ಗೆ ಹೆದರಿ ಒಬ್ಬ ಎದುರಾಳಿ ಆ ಕಡೆಯೇ ಅಂಟಿಕೊಂಡಿರುತ್ತಾನೆ. ಕೆಟ್ಟ ಪಾಸ್ ಹಿಡಿಯಲು ಖರ್ಚಾಗುತ್ತಿದ್ದ ಗಮನ ಉಳಿಯಿತು, ತಲೆ ಮೇಲೆ ಬಂತು. ಆ ದೊಡ್ಡ ಮೈಗೂ ಆಗ ಕೆಲಸ ಸಿಕ್ಕಿತು: ಮೂಲೆಯಲ್ಲಿ ಪಕ್ ಕಿತ್ತುಕೊಡುವುದು, ಗೋಲ್ ಮುಂದೆ ಗೋಡೆಯಂತೆ ನಿಲ್ಲುವುದು. 82 ಆಟ, 20 ಗೋಲ್, 50 ಅಂಕ. ಏಪ್ರಿಲ್ 9ರಂದು ಫಿಲಡೆಲ್ಫಿಯಾ ವಿರುದ್ಧ 9-3ರಿಂದ ಗೆದ್ದ ಆಟದಲ್ಲಿ ಮೂರು ಗೋಲ್. ಹತ್ತು ದಿನದ ಹಿಂದಷ್ಟೇ 20 ತುಂಬಿತ್ತು.

ಹಾಗಾದರೆ ಕ್ಲಬ್ ಮಾಡಿದ್ದು ಸರಿ ಅಂತ ಸಾಬೀತಾಯಿತೇ? ಇಲ್ಲ. ನನಗೆ ಅತಿ ಸಿಟ್ಟು ಬರಿಸುವುದು ಈ ತರ್ಕವೇ. ಗೋಲ್ ಲೆಕ್ಕದಲ್ಲಿ ಅದೃಷ್ಟದ ಪಾಲು ಎಷ್ಟಿದೆ ಅಂತ ನಾವು ಮರೆಯುತ್ತೇವೆ. ಈ ಲೀಗ್‌ನಲ್ಲಿ ಗುರಿಗೆ ಹೊಡೆದ ಹತ್ತು ಶಾಟ್‌ನಲ್ಲಿ ಹೆಚ್ಚುಕಡಿಮೆ ಒಂದು ಗೋಲ್. ಒಬ್ಬನ ನಿಜವಾದ ಸಾಮರ್ಥ್ಯ ಅಷ್ಟೇ ಅಂತ ಇಟ್ಟುಕೊಂಡರೂ, ನೂರು ಶಾಟ್ ಹೊಡೆದಾಗ ಒಂದು ವರ್ಷ 7 ಬರಬಹುದು, ಇನ್ನೊಂದು ವರ್ಷ 13 ಬರಬಹುದು, ಆಟ ಒಂಚೂರೂ ಬದಲಾಗದೆ. ಹೊಸಬನ ಮೊದಲ ಸೀಸನ್‌ನಲ್ಲಿ ನೂರು ಶಾಟೂ ಇರುವುದಿಲ್ಲ. ಸ್ಲಾಫ್ಕೋವ್ಸ್ಕಿ ಒಲಿಂಪಿಕ್ಸ್‌ನಲ್ಲಿ ಏಳು ಆಟಕ್ಕೆ ಏಳು ಗೋಲ್ ಹೊಡೆದ ಅದೇ ಚಳಿಗಾಲ ಫಿನ್ಲೆಂಡಿನ ಲೀಗ್‌ನಲ್ಲಿ 31 ಆಟಕ್ಕೆ ಹೊಡೆದದ್ದು ಐದೇ. ಅದನ್ನು ನೆನಪಿಟ್ಟುಕೊಂಡಿದ್ದರೆ ಮೊದಲ ವರ್ಷದ ಅಳಲು ಅರ್ಧ ಕಮ್ಮಿಯಾಗುತ್ತಿತ್ತು.

ಬೇರೆಯವರನ್ನು ನೋಡಿದರೂ ಒಂದೇ ದಾರಿ ಕಾಣುವುದಿಲ್ಲ. 2019ರಲ್ಲಿ ಮೊದಲ ಆಯ್ಕೆಯಾದ ಜ್ಯಾಕ್ ಹ್ಯೂಸ್ ಸಣಕಲು ಹುಡುಗ, ನ್ಯೂ ಜರ್ಸಿಯಲ್ಲಿ ಮೊದಲ ವರ್ಷ 61 ಆಟಕ್ಕೆ 21 ಅಂಕ. ಅವನನ್ನೂ ಕೆಳಗಿಳಿಸಲಿಲ್ಲ, ನಾಲ್ಕನೇ ಸೀಸನ್‌ನಲ್ಲಿ 99 ಅಂಕ. 2020ರ ಮೊದಲ ಆಯ್ಕೆ ಅಲೆಕ್ಸಿ ಲಾಫ್ರೆನಿಯೆರ್‌ಗೂ ಮೊದಲ ವರ್ಷ 21 ಅಂಕವೇ. ನ್ಯೂಯಾರ್ಕ್ ರೇಂಜರ್ಸ್‌ನಲ್ಲಿ ಮುಂದೆ ಹಳಬರು ತುಂಬಿದ್ದರು, ಇವನು ಬಹಳ ದಿನ ಹಿಂದಿನ ಲೈನ್‌ನಲ್ಲಿದ್ದ, 57ಕ್ಕೆ ಏರಿದ್ದು ನಾಲ್ಕನೇ ಸೀಸನ್‌ನಲ್ಲಿ. ಶುರು ಒಂದೇ, ನಾಲ್ಕನೇ ವರ್ಷಕ್ಕೆ ಇಷ್ಟು ಅಂತರ. ಜೊತೆಗಾರರಿಂದಲೋ, ಹುಟ್ಟಾ ಬಂದ ವೇಗದಿಂದಲೋ? ಎರಡನ್ನೂ ಬೇರ್ಪಡಿಸಿ ನೋಡಬೇಕಾದರೆ ಒಬ್ಬನೇ ಹುಡುಗ ಎರಡು ಸಲ ಬೆಳೆಯಬೇಕು.

2024ರ ಜುಲೈ 1ರಂದು ಕೆನೇಡಿಯನ್ಸ್ ಸ್ಲಾಫ್ಕೋವ್ಸ್ಕಿಗೆ ಎಂಟು ವರ್ಷದ ಕರಾರು ಕೊಟ್ಟಿತು, ವರ್ಷಕ್ಕೆ ಸರಾಸರಿ 76 ಲಕ್ಷ ಡಾಲರ್. ಮುಂದಿನ ಸೀಸನ್‌ನಲ್ಲಿ ಅವನು ಗಳಿಸಿದ್ದು 51 ಅಂಕ. ಹಿಂದಿನದಕ್ಕಿಂತ ಒಂದೇ ಒಂದು ಜಾಸ್ತಿ, ಊರಲ್ಲಿ ಮತ್ತೆ ಗೊಣಗಾಟ. ಫಾರ್ವರ್ಡ್‌ಗಳು ಸಾಮಾನ್ಯವಾಗಿ ಉತ್ತುಂಗ ಮುಟ್ಟುವುದು 25 ದಾಟಿದ ಆಸುಪಾಸಿನಲ್ಲಿ, ಆಗ ಇವನಿಗಿನ್ನೂ 21.

ಅಂದ ಹಾಗೆ, 2022ರ ಅದೇ ಡ್ರಾಫ್ಟ್‌ನಲ್ಲಿ ಮಾಂಟ್ರಿಯಲ್ 26ನೆಯವನಾಗಿ ಇನ್ನೊಬ್ಬ ಸ್ಲೊವಾಕ್ ಹುಡುಗನನ್ನು ಆರಿಸಿಕೊಂಡಿತ್ತು. ಫಿಲಿಪ್ ಮೆಶಾರ್, ಇವನ ಗೆಳೆಯ. ಅವನನ್ನು ಅವಸರ ಮಾಡದೆ ಬೆಳೆಸಿದರು. ಎರಡು ವರ್ಷ ಕೆನಡಾದ ಜೂನಿಯರ್ ಲೀಗ್, ಆಮೇಲೆ ಲಾವಾಲ್. 2024-25 ಮುಗಿದಾಗಲೂ ಅವನು ಎನ್‌ಎಚ್‌ಎಲ್‌ನಲ್ಲಿ ಒಂದೂ ಆಟ ಆಡಿರಲಿಲ್ಲ. ಇದನ್ನು ಹೋಲಿಕೆಗೆ ತರುವವರಿದ್ದಾರೆ. ಆದರೆ ಮೆಶಾರ್ ಸ್ಲಾಫ್ಕೋವ್ಸ್ಕಿಗಿಂತ ಅರ್ಧ ಗೇಣಿನಷ್ಟು ಗಿಡ್ಡ.