‘ಉದಯೋನ್ಮುಖ ಆರ್ಥಿಕತೆ’: ಯಾರ ಕಣ್ಣಿಗೆ ಉದಯ?

‘ಉದಯೋನ್ಮುಖ ಕವಿ’ ಎಂಬ ವಿಶೇಷಣಕ್ಕೆ ಗಡುವು ಇಲ್ಲ. ಆಹ್ವಾನ ಪತ್ರಿಕೆಯಲ್ಲಿ ಒಮ್ಮೆ ಹೆಸರಿನ ಮುಂದೆ ಅಂಟಿತೆಂದರೆ ತಲೆ ನರೆತರೂ ಬಿಡುವುದಿಲ್ಲ. ದೇಶಗಳ ಪಾಡೂ ಅಷ್ಟೆ. ಷೇರು ಸೂಚ್ಯಂಕಗಳನ್ನು ಸಿದ್ಧಪಡಿಸುವ ಎಂಎಸ್‌ಸಿಐ ಸಂಸ್ಥೆ 1988ರಲ್ಲಿ ಹತ್ತು ದೇಶಗಳನ್ನು ಸೇರಿಸಿ ಮೊದಲ ‘ಉದಯೋನ್ಮುಖ ಮಾರುಕಟ್ಟೆ’ ಪಟ್ಟಿ ಮಾಡಿತು. ಅದರಲ್ಲಿದ್ದ ಬ್ರೆಜಿಲ್, ಮೆಕ್ಸಿಕೊ, ಚಿಲಿ, ಥಾಯ್ಲೆಂಡ್, ಫಿಲಿಪೀನ್ಸ್, ಮಲೇಷ್ಯಾ ಮೂರು ದಶಕ ಕಳೆದ ಮೇಲೂ ಉದಯಿಸುತ್ತಲೇ ಇದ್ದವು. ಪೋರ್ಚುಗಲ್ ‘ಮುಂದುವರಿದ ಮಾರುಕಟ್ಟೆ’ ಎಂಬ ಮೇಲಿನ ತರಗತಿಗೆ ಹೋಯಿತು. ಗ್ರೀಸ್ 2001ರಲ್ಲಿ ಹೋಗಿ 2013ರಲ್ಲಿ ವಾಪಸು ಬಂತು. ಜೋರ್ಡಾನ್ ಕೆಳಗಿನ ತರಗತಿಗೆ ಜಾರಿತು. ಅರ್ಜೆಂಟೀನಾ ಇಳಿದು, ಹತ್ತಿ, 2021ರಲ್ಲಿ ಯಾವ ತರಗತಿಗೂ ಸಲ್ಲದೆ ಹೊರಗೆ ನಿಂತಿತು.

ವಾಣಿಜ್ಯ ಪುಟಗಳಲ್ಲಿ ದಿನವೂ ಕಣ್ಣಿಗೆ ಬೀಳುವ ಪದ ಇದು. ಉದಯಕ್ಕೆ ಉನ್ಮುಖವಾದದ್ದು, ಎಂದರೆ ಬಡತನ ಕಳೆದುಕೊಂಡು ಸಿರಿತನದ ಕಡೆ ಮುಖ ಮಾಡಿದ ದೇಶ ಎಂದು ನಾವು ಅರ್ಥ ಮಾಡಿಕೊಳ್ಳುತ್ತೇವೆ. ಹಾಗಾದರೆ ಆ ಪಟ್ಟಿಯಲ್ಲಿ ಕತಾರ್‌ಗೆ ಏನು ಕೆಲಸ? ತಲಾ ಆದಾಯದ ಲೆಕ್ಕದಲ್ಲಿ ಅದು ಜಗತ್ತಿನ ಮೊದಲ ಸಾಲಿನ ದೇಶ. ಪದ ಅಳೆಯುತ್ತಿರುವುದು ಬೇರೆ ಏನನ್ನೋ. ಅದು ಏನೆಂದು ತಿಳಿಯಲು ಪದ ಹುಟ್ಟಿದ ಕೋಣೆಗೇ ಹೋಗಬೇಕು.

ಇಸವಿ 1981, ನ್ಯೂಯಾರ್ಕ್. ವಿಶ್ವಬ್ಯಾಂಕ್ ಸಮೂಹಕ್ಕೆ ಸೇರಿದ ಅಂತರರಾಷ್ಟ್ರೀಯ ಹಣಕಾಸು ನಿಗಮದಲ್ಲಿ ಕೆಲಸಕ್ಕಿದ್ದ, ಡಚ್ ಮೂಲದ ಆಂಟ್ವಾನ್ ವಾನ್ ಅಗ್ಟ್‌ಮೇಲ್ ಎಂಬಾತ ದೊಡ್ಡ ದೊಡ್ಡ ಹೂಡಿಕೆ ಸಂಸ್ಥೆಗಳವರ ಮುಂದೆ ಒಂದು ಯೋಜನೆ ಇಟ್ಟ. ಬಡ ದೇಶಗಳ ಷೇರು ಪೇಟೆಯಲ್ಲಿ ಹಣ ತೊಡಗಿಸುವ ನಿಧಿ ಅದು. ಹೆಸರು ‘ತೃತೀಯ ಜಗತ್ತಿನ ಷೇರು ನಿಧಿ’. ಕೇಳುತ್ತಿದ್ದವರಲ್ಲಿ ಒಬ್ಬರು ಹೇಳಿದ್ದರ ಸಾರಾಂಶ: ಯೋಚನೆ ಚೆನ್ನಾಗಿದೆ, ಆದರೆ ಈ ಹೆಸರಿಟ್ಟುಕೊಂಡು ಇದನ್ನು ಯಾರಿಗೂ ಮಾರಲಾರಿರಿ. ಆ ವಾರಾಂತ್ಯ ಅಗ್ಟ್‌ಮೇಲ್ ಹೆಸರಿಗಾಗಿ ತಲೆ ಕೆರೆದುಕೊಂಡ. ಸೋಮವಾರದ ಹೊತ್ತಿಗೆ ‘ಉದಯೋನ್ಮುಖ ಮಾರುಕಟ್ಟೆ’ ಸಿದ್ಧವಾಗಿತ್ತು.

‘ತೃತೀಯ ಜಗತ್ತು’ ಎಂಬುದೇನೂ ಬೈಗುಳವಾಗಿ ಹುಟ್ಟಿದ ಪದವಲ್ಲ. ಫ್ರಾನ್ಸಿನ ಜನಸಂಖ್ಯಾ ತಜ್ಞ ಆಲ್ಫ್ರೆಡ್ ಸೋವಿ 1952ರಲ್ಲಿ ಅದನ್ನು ಬಳಸಿದಾಗ ಅವನ ಮನಸ್ಸಿನಲ್ಲಿದ್ದದ್ದು ಫ್ರೆಂಚ್ ಕ್ರಾಂತಿಗೆ ಮುಂಚಿನ ಮೂರನೆಯ ವರ್ಗ: ಪಾದ್ರಿಗಳೂ ಅಲ್ಲದ, ಶ್ರೀಮಂತ ಮನೆತನದವರೂ ಅಲ್ಲದ, ಮುಂದೆ ಎದ್ದುನಿಂತ ಜನ. ಅಮೆರಿಕದ ಬಣಕ್ಕೂ ಸೋವಿಯತ್ ಬಣಕ್ಕೂ ಸೇರದ ದೇಶಗಳು ಹಾಗೆಯೇ ಏನಾದರೂ ಆಗಬಯಸುತ್ತವೆ ಎಂಬುದು ಅವನ ಮಾತು. ಮೂರು ದಶಕಗಳಲ್ಲಿ ಆ ಪದದಿಂದ ಸಿಟ್ಟೆಲ್ಲ ಸೋರಿಹೋಗಿ ಬರೀ ಬಡತನ ಉಳಿದಿತ್ತು. ಅಗ್ಟ್‌ಮೇಲ್ ಬಡತನವನ್ನೂ ತೆಗೆದು ಆಸೆಯನ್ನು ತುಂಬಿದ. ನನಗೆ ಇದು ಅರ್ಥಶಾಸ್ತ್ರಕ್ಕಿಂತ ಹೆಚ್ಚಾಗಿ ಒಳ್ಳೆಯ ಮಾರಾಟಗಾರನ ಕಸುಬು ಎನಿಸುತ್ತದೆ. ಹಣ ಇರುವವನ ಕುರ್ಚಿಯಲ್ಲಿ ಕೂತು ನೋಡಿದಾಗ ದೂರದಲ್ಲಿ ಕಾಣುವ ದೃಶ್ಯಕ್ಕೆ ಇಟ್ಟ ಹೆಸರು ಅದು.

ಪಟ್ಟಿ ಮಾಡುವವರು ಅನೇಕರು. ಒಬ್ಬರ ಅಳತೆಗೋಲು ಇನ್ನೊಬ್ಬರದಲ್ಲ. ವಿಶ್ವಬ್ಯಾಂಕ್ ತಲಾ ಆದಾಯ ನೋಡಿ ನಾಲ್ಕು ಗುಂಪು ಮಾಡುತ್ತದೆ, ಅಲ್ಲಿ ‘ಉದಯೋನ್ಮುಖ’ ಎಂಬ ಗುಂಪೇ ಇಲ್ಲ. ಕಷ್ಟಕ್ಕೆ ಸಿಕ್ಕ ದೇಶಗಳಿಗೆ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ‘ಮುಂದುವರಿದ’ ದೇಶಗಳನ್ನು ಒಂದು ಕಡೆ ಇಟ್ಟು ಉಳಿದ ನೂರೈವತ್ತಕ್ಕೂ ಹೆಚ್ಚು ದೇಶಗಳನ್ನು ‘ಉದಯೋನ್ಮುಖ ಮತ್ತು ಅಭಿವೃದ್ಧಿಶೀಲ’ ಎಂದು ಒಂದೇ ಮೂಟೆಗೆ ಕಟ್ಟುತ್ತದೆ. ಈ ವಿಂಗಡಣೆಗೆ ಕಟ್ಟುನಿಟ್ಟಿನ ಮಾನದಂಡವಿಲ್ಲ, ಕಾಲಾಂತರದಲ್ಲಿ ಬೆಳೆದು ಬಂದದ್ದು ಎಂದು ತಾನೇ ಒಪ್ಪಿಕೊಳ್ಳುತ್ತದೆ.

ಹಣದ ಹರಿವನ್ನು ನೇರವಾಗಿ ತಿರುಗಿಸುವುದು ಎಂಎಸ್‌ಸಿಐ ತರಹದ ಸೂಚ್ಯಂಕ ಸಂಸ್ಥೆಗಳ ಪಟ್ಟಿ. ಅದರಲ್ಲಿ ‘ಉದಯೋನ್ಮುಖ’ ಎನಿಸಿಕೊಳ್ಳಲು ಆದಾಯದ ಷರತ್ತೇ ಇಲ್ಲ. ಕೇಳುವ ಪ್ರಶ್ನೆಗಳು ಬೇರೆ. ಕೊಳ್ಳಲು ಸಾಕಷ್ಟು ದೊಡ್ಡ ಕಂಪನಿಗಳಿವೆಯೆ? ಹೊರಗಿನವರು ಎಷ್ಟು ಪಾಲು ಕೊಳ್ಳಬಹುದು? ಮುಖ್ಯವಾಗಿ, ಬೇಡವೆನಿಸಿದ ದಿನ ಹಣ ತೆಗೆದುಕೊಂಡು ಹೊರಡಲು ಬಾಗಿಲು ತೆರೆದಿದೆಯೆ? ಈ ಕೊನೆಯ ಪ್ರಶ್ನೆಯ ತೂಕ ಮಲೇಷ್ಯಾಕ್ಕೆ ಗೊತ್ತು. 1998ರ ಸೆಪ್ಟೆಂಬರ್‌ನಲ್ಲಿ ಮಹಾತಿರ್ ಮೊಹಮ್ಮದ್ ಸರ್ಕಾರ ವಿದೇಶಿ ಬಂಡವಾಳ ಹೊರಹೋಗದಂತೆ ತಡೆ ಹಾಕಿತು. ದೇಶ ರಾತ್ರೋರಾತ್ರಿ ಬಡವಾಗಿರಲಿಲ್ಲ, ಕಾರ್ಖಾನೆಗಳು ಇದ್ದಲ್ಲೇ ಇದ್ದವು. ಆದರೂ ಎಂಎಸ್‌ಸಿಐ ಅದನ್ನು ಪಟ್ಟಿಯಿಂದ ತೆಗೆಯಿತು. ಮತ್ತೆ ಸೇರಿಸಿಕೊಂಡದ್ದು 2000ದಲ್ಲಿ, ನಿರ್ಬಂಧ ಸಡಿಲವಾದ ಮೇಲೆ. ಪಟ್ಟಿಯನ್ನು ನೋಡಿಕೊಂಡೇ ಹಣ ಹಾಕುವ ನಿಧಿಗಳು ಜಗತ್ತಿನಾದ್ಯಂತ ಇವೆ. ಪಟ್ಟಿಯಿಂದ ದೇಶದ ಹೆಸರು ಹೋದರೆ ಅವೂ ಮಾರಿ ಹೊರಡುತ್ತವೆ, ದೇಶದ ಬಗ್ಗೆ ಅವಕ್ಕೆ ಬೇರೆ ಅಭಿಪ್ರಾಯ ಇರಬೇಕೆಂದೇನೂ ಇಲ್ಲ.

ಹಾಗಾಗಿ ನನ್ನ ಮಟ್ಟಿಗೆ ಈ ಪದದ ಕೆಲಸದ ಅರ್ಥ ಇಷ್ಟು: ಪರರ ಹಣ ಸಲೀಸಾಗಿ ಒಳಗೆ ಬರಬಲ್ಲ, ಅಷ್ಟೇ ಸಲೀಸಾಗಿ ಬಿಟ್ಟುಹೋದರೆ ತತ್ತರಿಸುವ ದೇಶ. ಎರಡನೆಯ ಅರ್ಧ ಜಾಹೀರಾತಿನಲ್ಲಿ ಇರುವುದಿಲ್ಲ.

ಆ ತತ್ತರ ಎಲ್ಲಿಂದ ಬರುತ್ತದೆ ಎಂಬುದನ್ನು ಥಾಯ್ಲೆಂಡ್‌ನ ಲೆಕ್ಕದಲ್ಲಿ ನೋಡಬಹುದು. 1997ರ ಮಧ್ಯದವರೆಗೂ ಒಂದು ಡಾಲರ್‌ಗೆ ಸುಮಾರು 25 ಬಾತ್ ಎಂದು ಸರ್ಕಾರ ದರವನ್ನು ಹಿಡಿದಿಟ್ಟಿತ್ತು. ಬ್ಯಾಂಕಾಕ್‌ನಲ್ಲಿ ಕಟ್ಟಡ ಕಟ್ಟಿ ಬಾಡಿಗೆಗೆ ಕೊಡುವ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳಿ. ಡಾಲರ್ ಸಾಲಕ್ಕೆ ಬಡ್ಡಿ ಕಡಿಮೆ. ಹತ್ತು ಲಕ್ಷ ಡಾಲರ್ ತಂದಿತು, ಎಂದರೆ ಎರಡೂವರೆ ಕೋಟಿ ಬಾತ್. ಬಾಡಿಗೆ ಬರುವುದು ಮಾತ್ರ ಬಾತ್‌ನಲ್ಲಿ. ಜುಲೈ 2ರಂದು ಸರ್ಕಾರ ಕೈಚೆಲ್ಲಿ ದರವನ್ನು ಪೇಟೆಗೆ ಬಿಟ್ಟಿತು. 1998ರ ಜನವರಿ ಹೊತ್ತಿಗೆ ಡಾಲರ್ 50 ಬಾತ್ ದಾಟಿತ್ತು. ಕಂಪನಿ ಹೊಸದಾಗಿ ಒಂದು ಬಿಡಿಗಾಸೂ ಸಾಲ ಮಾಡಿಲ್ಲ, ಒಬ್ಬ ಬಾಡಿಗೆದಾರನೂ ಖಾಲಿ ಮಾಡಿಲ್ಲ ಎಂದೇ ಇಟ್ಟುಕೊಳ್ಳಿ. ಅಸಲು ಐದು ಕೋಟಿ ಆಯಿತು. ತನ್ನದೇ ನಾಣ್ಯದಲ್ಲಿ ಹೊರಗಿನಿಂದ ಸಾಲ ಪಡೆಯಲಾಗದ ಈ ಸ್ಥಿತಿಗೆ ಅರ್ಥಶಾಸ್ತ್ರಜ್ಞರಾದ ಬ್ಯಾರಿ ಐಕನ್‌ಗ್ರೀನ್ ಮತ್ತು ರಿಕಾರ್ಡೊ ಹೌಸ್‌ಮನ್ 1999ರಲ್ಲಿ ‘ಮೂಲ ಪಾಪ’ ಎಂದು ಹೆಸರಿಟ್ಟರು. ಕ್ರೈಸ್ತ ಧರ್ಮದ ಮಾತು. ಮಾಡಿದವನು ಒಬ್ಬ, ಹೊತ್ತು ಹುಟ್ಟುವವರು ಎಲ್ಲ.

ಇದು ಲೆಕ್ಕದ ಪುಸ್ತಕ ದಾಟಿ ರಾಜಕೀಯಕ್ಕೆ ಕಾಲಿಟ್ಟ ಕ್ಷಣದ ಒಂದು ಚಿತ್ರ ಉಳಿದಿದೆ. 1998ರ ಜನವರಿ 15, ಅದೇ ಬಿಕ್ಕಟ್ಟು ತಟ್ಟಿದ್ದ ಇಂಡೊನೇಷ್ಯಾದ ರಾಜಧಾನಿ ಜಕಾರ್ತ. ಅಧ್ಯಕ್ಷ ಸುಹಾರ್ತೊ ಬಗ್ಗಿ ಐಎಂಎಫ್ ಜೊತೆಗಿನ ಸಾಲದ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದಾರೆ. ಐಎಂಎಫ್ ಮುಖ್ಯಸ್ಥ ಮಿಷೆಲ್ ಕಾಮ್ಡೆಸ್ಯು ಪಕ್ಕದಲ್ಲಿ ಕೈಕಟ್ಟಿ ನಿಂತು ಮೇಲಿನಿಂದ ನೋಡುತ್ತಿದ್ದಾರೆ. ಮೇಷ್ಟರ ಮುಂದೆ ಕಾಪಿ ಬರೆಯುವ ಹುಡುಗನ ಹಾಗೆ ಕಂಡರು ಮೂರು ದಶಕ ಇಂಡೊನೇಷ್ಯಾವನ್ನು ಆಳಿದ ಸೇನಾನಿ. ಮೇ 21ರಂದು ಅವರು ಅಧಿಕಾರ ಬಿಟ್ಟರು. ಸರ್ವಾಧಿಕಾರಿ ಹೋದದ್ದಕ್ಕೆ ಯಾರೂ ಅಳಬೇಕಿಲ್ಲ. ಆದರೆ ಆ ಕೈಕಟ್ಟಿದ ಭಂಗಿಯನ್ನು ಏಷ್ಯಾದ ಹಣಕಾಸು ಸಚಿವಾಲಯಗಳು ಮರೆಯಲಿಲ್ಲ. ಮುಂದಿನ ವರ್ಷಗಳಲ್ಲಿ ಅವು ಡಾಲರ್ ಕೂಡಿಡುವುದಕ್ಕೆ ತೊಡಗಿದವು. 2014ರಲ್ಲಿ ಚೀನಾ ಒಂದರ ಬಳಿಯೇ ಸುಮಾರು 4 ಲಕ್ಷ ಕೋಟಿ ಡಾಲರ್ ವಿದೇಶಿ ವಿನಿಮಯ ಮೀಸಲು ಇತ್ತು.

ಅಷ್ಟು ಕೂಡಿಡದವರಿಗೆ 2013ರಲ್ಲಿ ಇನ್ನೊಂದು ಪಾಠವಾಯಿತು. ಅಮೆರಿಕದ ಕೇಂದ್ರ ಬ್ಯಾಂಕ್ ಮುಖ್ಯಸ್ಥ ಬೆನ್ ಬರ್ನಾಂಕೆ ಮೇ 22ರಂದು, ಪೇಟೆಗೆ ಹಣ ಹರಿಸುತ್ತಿದ್ದ ಬಾಂಡ್ ಖರೀದಿಯನ್ನು ತಗ್ಗಿಸುವ ಸುಳಿವಷ್ಟೇ ಕೊಟ್ಟರು. ಬ್ರೆಜಿಲ್, ಭಾರತ, ಇಂಡೊನೇಷ್ಯಾ, ದಕ್ಷಿಣ ಆಫ್ರಿಕಾ, ಟರ್ಕಿಗಳಿಂದ ಹಣ ಹೊರಟಿತು. ಆಗಸ್ಟ್‌ನಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿ ಈ ಐವರಿಗೆ ‘ದುರ್ಬಲ ಐದು’ ಎಂಬ ಹೆಸರನ್ನೂ ದಯಪಾಲಿಸಿತು. ಹೆಸರಿಡುವ ಹಕ್ಕು ಯಾವಾಗಲೂ ಆ ಕಡೆಯವರದೇ.

ಒಂದು ಹೆಸರು ಮಾತ್ರ ಕೈ ಬದಲಿಸಿತು. ಅಂಥದೇ ಇನ್ನೊಂದು ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್‌ನ ಜಿಮ್ ಓನೀಲ್ 2001ರಲ್ಲಿ ಬ್ರೆಜಿಲ್, ರಷ್ಯಾ, ಇಂಡಿಯಾ, ಚೀನಾಗಳ ಮೊದಲಕ್ಷರ ಜೋಡಿಸಿ ‘ಬ್ರಿಕ್’ ಎಂದ. ಅದು ಹೂಡಿಕೆದಾರರಿಗೆ ಬರೆದ ಟಿಪ್ಪಣಿಯ ಪದ. 2009ರ ಜೂನ್‌ನಲ್ಲಿ ಆ ನಾಲ್ಕೂ ದೇಶಗಳ ನಾಯಕರು ರಷ್ಯಾದ ಯೆಕಟೆರಿನ್‌ಬರ್ಗ್‌ನಲ್ಲಿ ನಿಜವಾಗಿಯೇ ಸಭೆ ಸೇರಿದರು. ಸರಕಿನ ಪಟ್ಟಿಯಲ್ಲಿದ್ದ ಸರಕುಗಳೇ ಎದ್ದು ಸಂಘ ಕಟ್ಟಿಕೊಂಡ ಹಾಗೆ. ಅನಂತರ ದಕ್ಷಿಣ ಆಫ್ರಿಕಾ ಸೇರಿತು, ಶಾಂಘೈನಲ್ಲಿ ಸ್ವಂತ ಬ್ಯಾಂಕ್ ಬಂತು, 2024ರಲ್ಲಿ ಈಜಿಪ್ಟ್, ಇಥಿಯೋಪಿಯಾ, ಇರಾನ್, ಯುಎಇ, ಮರುವರ್ಷ ಇಂಡೊನೇಷ್ಯಾ ಒಳಗೆ ಬಂದವು. ಇವರನ್ನು ಒಂದಾಗಿ ಹಿಡಿದಿರುವುದು ಸಮಾನ ನೀತಿ ಎನ್ನುವುದಕ್ಕಿಂತ ಐಎಂಎಫ್‌ನಲ್ಲಿ ಅಮೆರಿಕ ಒಂದಕ್ಕೇ ಶೇ 16ಕ್ಕೂ ಹೆಚ್ಚು ಮತವಿದೆ, ದೊಡ್ಡ ತೀರ್ಮಾನಕ್ಕೆ ಶೇ 85 ಬೇಕು, ಎಂದರೆ ಅಮೆರಿಕ ಒಲ್ಲೆನೆಂದರೆ ಅದು ಆಗದು ಎಂಬ ಸಮಾನ ಅಸಮಾಧಾನ.

ಈಗ ಒಂದೇ ದೇಶ ವೇದಿಕೆಗೆ ತಕ್ಕ ಹೆಸರು ಹೇಳಿಕೊಳ್ಳುತ್ತದೆ. ಹೂಡಿಕೆದಾರರ ಮುಂದೆ ‘ಉದಯೋನ್ಮುಖ’, ರಾಜಕೀಯ ಸಮಾವೇಶದಲ್ಲಿ ‘ಜಾಗತಿಕ ದಕ್ಷಿಣ’, ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ‘ಅಭಿವೃದ್ಧಿಶೀಲ’. ಈ ಕೊನೆಯದನ್ನು ದೇಶ ತಾನೇ ಘೋಷಿಸಿಕೊಳ್ಳಬಹುದು, ಒಪ್ಪಂದಗಳಲ್ಲಿ ರಿಯಾಯಿತಿಯೂ ಸಿಗುತ್ತದೆ.

ಹೆಸರುಗಳ ಈ ಗೋಜಲು ದಕ್ಷಿಣ ಕೊರಿಯಾದಷ್ಟು ಚೆನ್ನಾಗಿ ಬೇರೆಲ್ಲೂ ಕಾಣದು. ಐಎಂಎಫ್‌ಗೆ ಅದು 1997ರಿಂದ ಮುಂದುವರಿದ ದೇಶ. ಲಂಡನ್ನಿನ ಎಫ್‌ಟಿಎಸ್‌ಇ ಸೂಚ್ಯಂಕ ಸಂಸ್ಥೆಗೆ 2009ರಿಂದ ಹಾಗೆಯೇ. ಎಂಎಸ್‌ಸಿಐ ಮಾತ್ರ 2025ರ ಜೂನ್ ಪರಿಶೀಲನೆಯಲ್ಲೂ ಉದಯೋನ್ಮುಖ ಎಂದೇ ಉಳಿಸಿತು. ಫೋನು, ಹಡಗು, ಕಂಪ್ಯೂಟರ್ ಚಿಪ್‌ಗಳ ಬಗ್ಗೆ ತಕರಾರಿಲ್ಲ. ಕೊರಿಯಾದ ನಾಣ್ಯ ವೋನ್ ಅನ್ನು ದೇಶದ ಹೊರಗೆ ಮುಕ್ತವಾಗಿ ಕೊಂಡು ಮಾರಲಾಗುವುದಿಲ್ಲ ಎಂಬುದು ಹಳೆಯ ದೂರು. ಅದಕ್ಕೇ 2024ರ ಜುಲೈನಿಂದ ರಾಜಧಾನಿ ಸೋಲ್‌ನ ವಿದೇಶಿ ವಿನಿಮಯ ಪೇಟೆ ಮಧ್ಯಾಹ್ನ ಮೂರೂವರೆಗೆ ಮುಚ್ಚುವುದಿಲ್ಲ. ರಾತ್ರಿ ಎರಡು ಗಂಟೆಯವರೆಗೆ ದೀಪ ಉರಿಯತೊಡಗಿತು. ಲಂಡನ್ನಿನ ಕಚೇರಿಗಳಲ್ಲಿ ಆಗ ಸಂಜೆ, ಮನೆಗೆ ಹೊರಡುವ ಹೊತ್ತು.