ಮುಚ್ಚಿದ ನಿಲ್ದಾಣ ಮತ್ತು ಎರಡು ನಿಮಿಷದ ಲೆಕ್ಕ

ಬಾಗಿಲು ಹಾಕಿದ ಹಳೇ ರೈಲು ನಿಲ್ದಾಣದ ಮುಂದೆ ನಿಂತವರಿಗೆಲ್ಲ ಒಂದೇ ಪ್ರಶ್ನೆ ಬರುತ್ತದೆ. ಕಟ್ಟಡ ಇದೆ. ಪ್ಲಾಟ್‌ಫಾರ್ಮ್ ಇದೆ. ಪಕ್ಕದಲ್ಲೇ ರೈಲುಗಳು ಧಡಧಡ ಅಂತ ಓಡುತ್ತಿವೆ. ಒಂದೆರಡನ್ನು ಇಲ್ಲಿ ನಿಲ್ಲಿಸಿದರೆ ಇವರ ಗಂಟೇನು ಹೋಗುತ್ತೆ?

ವೇಳಾಪಟ್ಟಿ ಮಾಡುವುದು ನನ್ನ ಕೆಲಸ. ಯಾವ ರೈಲು ಯಾವ ನಿಮಿಷಕ್ಕೆ ಯಾವ ಹಳಿಯ ಮೇಲೆ ಇರಬೇಕು ಎಂದು ನಕ್ಷೆಯಲ್ಲಿ ಗೆರೆ ಎಳೆಯುವವನು ನಾನು, ಒಂದೊಂದು ರೈಲಿಗೆ ಒಂದೊಂದು ಗೆರೆ. ಮೇಲಿನ ಪ್ರಶ್ನೆಯನ್ನು ಅದೆಷ್ಟು ಸಲ ಕೇಳಿಸಿಕೊಂಡಿದ್ದೇನೋ. ಕೇಳುವವರ ಕಣ್ಣು ಕಟ್ಟಡದ ಮೇಲಿರುತ್ತದೆ. ಉತ್ತರ ಇರುವುದು ಆ ಗೆರೆಗಳ ನಡುವೆ.

ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 90 ಕಿ.ಮೀ. ಓಡುವ ಲೋಕಲ್ ರೈಲು ಸೆಕೆಂಡಿಗೆ 25 ಮೀಟರ್ ಸಾಗುತ್ತದೆ. ಬ್ರೇಕ್ ಹಾಕಿ ನಿಲ್ಲಲು ಸುಮಾರು 36 ಸೆಕೆಂಡು ಬೇಕು. ಮತ್ತೆ ಅದೇ ವೇಗಕ್ಕೆ ಏರಲು 50 ಸೆಕೆಂಡು. ಈ 86 ಸೆಕೆಂಡಿನಲ್ಲಿ ಅದು ಸಾಗುವುದು ನಿಲ್ಲದೆ ಹೋಗಿದ್ದರೆ ಸಾಗುತ್ತಿದ್ದ ದೂರದ ಅರ್ಧ. ಅಂದರೆ 43 ಸೆಕೆಂಡು ನಷ್ಟ. ಬಾಗಿಲು ತೆರೆದು, ಜನ ಇಳಿದು ಹತ್ತಿ, ಬಾಗಿಲು ಮುಚ್ಚಲು ಇನ್ನೊಂದು 40 ಸೆಕೆಂಡು. ಹತ್ತಿರ ಹತ್ತಿರ ಒಂದೂವರೆ ನಿಮಿಷ ಆಯಿತು. ನಿಧಾನಕ್ಕೆ ವೇಗ ಹಿಡಿಯುವ ಡೀಸೆಲ್ ರೈಲಾದರೆ ಎರಡು ನಿಮಿಷ ದಾಟುತ್ತದೆ.

ಎರಡೇ ನಿಮಿಷ ತಾನೇ ಅನ್ನಬಹುದು. ರೈಲಿನಲ್ಲಿ ಆಗಲೇ 800 ಜನ ಇದ್ದಾರೆ ಅಂದುಕೊಳ್ಳಿ. ಒಬ್ಬೊಬ್ಬರದೂ ಎರಡು ನಿಮಿಷ ಹೋದರೆ ಒಟ್ಟು 1,600 ನಿಮಿಷ. ಹೊಸ ನಿಲ್ದಾಣದಲ್ಲಿ ಹತ್ತುವ 50 ಜನಕ್ಕೆ ತಲಾ 15 ನಿಮಿಷ ಉಳಿದರೆ 750. ಲೆಕ್ಕ ಕೈಕೊಟ್ಟಿತು. ಅದೇ 150 ಜನ ಹತ್ತಿದರೆ 2,250. ಈಗ ಸರಿಹೋಯಿತು. ಇಲ್ಲೊಂದು ವಿಚಿತ್ರ ಇದೆ. ಊರ ಹೊರಗಿನಿಂದ ಬರುವ ರೈಲು ಪೇಟೆ ಹತ್ತಿರವಾದಷ್ಟೂ ತುಂಬುತ್ತದೆ. ಮುಚ್ಚಿದ ನಿಲ್ದಾಣಗಳು ಜಾಸ್ತಿ ಸಿಗುವುದೂ ಅಲ್ಲೇ, ಪೇಟೆಯ ಒಳಗೆ. ಹೀಗಾಗಿ ಜನ ಯಾವುದನ್ನು ತೆರೆಯಿರಿ ಎಂದು ಹೆಚ್ಚು ಕೇಳುತ್ತಾರೋ ಅದರ ಲೆಕ್ಕವೇ ಎಲ್ಲಕ್ಕಿಂತ ಕಷ್ಟ.

ಇನ್ನೂ ಒಂದಿದೆ. ಹೋಗುವಾಗ ಎರಡು, ಬರುವಾಗ ಎರಡು, ಒಟ್ಟು ನಾಲ್ಕು ನಿಮಿಷ. ಕೊನೇ ನಿಲ್ದಾಣದಲ್ಲಿ ರೈಲು ತಿರುಗಿಕೊಳ್ಳಲು ಏಳು ನಿಮಿಷ ಇಟ್ಟಿದ್ದರೆ ಈಗ ಉಳಿದದ್ದು ಮೂರು. ಅಷ್ಟರಲ್ಲಿ ಲೋಕೊ ಪೈಲಟ್ ಈ ತುದಿಯಿಂದ ಆ ತುದಿಗೆ ನಡೆದು ಹೋಗುವುದೂ ಆಗದು. ಆಗ ಏನಾಗುತ್ತದೆ? ಅದೇ ವೇಳೆಗೆ ರೈಲು ಹೊರಡಿಸಲು ಇನ್ನೊಂದು ರೇಕ್, ಅಂದರೆ ಬೋಗಿಗಳ ಇಡೀ ಸಾಲು ಬೇಕು, ಇನ್ನೊಂದು ಜೊತೆ ಸಿಬ್ಬಂದಿ ಬೇಕು. ಒಂದು ಪ್ಲಾಟ್‌ಫಾರ್ಮಿಗೆ ಸುಣ್ಣ ಬಳಿಯಲು ಹೋಗಿ ಒಂದು ರೈಲನ್ನೇ ಕೊಂಡಂತಾಯಿತು. ಒಮ್ಮೆ ಇಂಥದ್ದೇ ಒಂದು ಯೋಜನೆಯ ಸಭೆಯಲ್ಲಿ ಕೂತಿದ್ದೆ. ಎರಡು ಗಂಟೆ ಚಾವಣಿಯ ಮಾತಾಯಿತು. ರೈಲು ಎಲ್ಲಿ ತಿರುಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ಹಾಗಾದರೆ ಯಾವುದನ್ನೂ ತೆರೆಯಬಾರದೇ? ಹಾಗಲ್ಲ. ಮೊದಲು ಅದು ಯಾಕೆ ಮುಚ್ಚಿತು ಎಂದು ನೋಡಬೇಕು. ಕೆಲವು ನಿಲ್ದಾಣಗಳು ಮುಚ್ಚಿದ್ದಕ್ಕೆ ಒಳ್ಳೆಯ ಕಾರಣವೇ ಇತ್ತು. ನ್ಯೂಯಾರ್ಕಿನ ಸಿಟಿ ಹಾಲ್ ನಿಲ್ದಾಣ 1904ರಲ್ಲಿ ಅಲ್ಲಿನ ಮೊದಲ ಸಬ್‌ವೇ ಜೊತೆಯಲ್ಲೇ ಶುರುವಾಯಿತು. ಕಮಾನು, ಹೆಂಚು, ಬಣ್ಣದ ಗಾಜು, ನೋಡಲು ಅರಮನೆ. 1945ರ ಡಿಸೆಂಬರ್ 31ಕ್ಕೆ ಮುಚ್ಚಿತು. ಪ್ಲಾಟ್‌ಫಾರ್ಮ್ ಬಿಲ್ಲಿನ ಹಾಗೆ ಬಾಗಿದೆ. ಬೋಗಿಯ ನಡುವೆ ಬಾಗಿಲಿರುವ ಹೊಸ ರೈಲು ಬಂದಾಗ, ಬಾಗಿಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಕಾಲು ಸಿಕ್ಕಿಕೊಳ್ಳುವಷ್ಟು ಅಂತರ ಬಿತ್ತು. ಉದ್ದ ಮಾಡಲು ಜಾಗವಿಲ್ಲ. ನಡೆದು ಹೋಗುವಷ್ಟು ಹತ್ತಿರದಲ್ಲೇ ಬ್ರೂಕ್ಲಿನ್ ಬ್ರಿಡ್ಜ್ ನಿಲ್ದಾಣ ಇತ್ತು. ಇವತ್ತಿಗೂ 6ನೇ ನಂಬರಿನ ರೈಲು ತಿರುಗಿಕೊಳ್ಳಲು ಆ ಖಾಲಿ ನಿಲ್ದಾಣದ ಮೂಲಕವೇ ಹೋಗುತ್ತದೆ. ಅಂದರೆ ಅದು ಸತ್ತಿಲ್ಲ, ಬೇರೆ ಕೆಲಸ ಮಾಡುತ್ತಿದೆ.

ಅದೇ ಊರಿನ ಲೆಕ್ಸಿಂಗ್‌ಟನ್ ಲೈನಿನ 18ನೇ ಬೀದಿ ನಿಲ್ದಾಣ 1948ರಲ್ಲಿ ಹೋಯಿತು. ಆಚೀಚಿನ 14 ಮತ್ತು 23ನೇ ಬೀದಿಯ ಪ್ಲಾಟ್‌ಫಾರ್ಮ್‌ಗಳನ್ನು ಉದ್ದ ಮಾಡಿದ ಮೇಲೆ ನಡುವಿನದು ಬೇಡವಾಯಿತು. ಮ್ಯಾಡ್ರಿಡ್ಡಿನ ಚಂಬೆರಿಯದೂ ಇದೇ ಕಥೆ. 60 ಮೀಟರ್ ಪ್ಲಾಟ್‌ಫಾರ್ಮನ್ನು 90 ಮೀಟರ್ ಮಾಡಬೇಕಿತ್ತು, ತಿರುವಿನಲ್ಲಿ ಆಗಲಿಲ್ಲ. 1966ರಲ್ಲಿ ಮುಚ್ಚಿದರು, 2008ರಿಂದ ಅದು ಮ್ಯೂಸಿಯಂ. ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂ ಕೂಡ ಮೊದಲು ರೈಲು ನಿಲ್ದಾಣವೇ. 1900ರಲ್ಲಿ ತೆರೆದರು. ರೈಲುಗಳು ಉದ್ದವಾದವು, ಪ್ಲಾಟ್‌ಫಾರ್ಮ್ ಆಗಲಿಲ್ಲ. 1939ಕ್ಕೆ ದೂರದ ರೈಲುಗಳು ನಿಂತವು. ಇಂಥ ನಿಲ್ದಾಣಗಳ ಬಗ್ಗೆ ನನಗೆ ಬೇಸರವಿಲ್ಲ. ಅಕ್ಕಪಕ್ಕದ ನಿಲ್ದಾಣಗಳು ಅವುಗಳ ಜನರನ್ನು ತೆಗೆದುಕೊಂಡವು, ರೈಲು ಉದ್ದವಾಗಿ ಎಲ್ಲರಿಗೂ ಜಾಗ ಸಿಕ್ಕಿತು.

ಇನ್ನು ಕೆಲವು ಲಿಫ್ಟ್ ಕೆಟ್ಟಿದ್ದಕ್ಕೆ ಮುಚ್ಚಿದವು. ಸುಮ್ನೆ ಹೇಳುತ್ತಿಲ್ಲ. ಲಂಡನ್ನಿನ ಆಲ್ಡ್‌ವಿಚ್‌ನಲ್ಲಿ 1907ರ ಕಾಲದ ಲಿಫ್ಟ್ ಇತ್ತು. ಬದಲಿಸುವ ಖರ್ಚಿಗೆ ತಕ್ಕಷ್ಟು ಜನ ಇಲ್ಲ ಎಂದು 1994ರಲ್ಲಿ ಬೀಗ ಹಾಕಿದರು. ಅದಕ್ಕೆ ಎರಡು ವರ್ಷ ಮೊದಲು ಮಾರ್ನಿಂಗ್‌ಟನ್ ಕ್ರೆಸೆಂಟ್ ಕೂಡ ಲಿಫ್ಟ್ ಬದಲಿಸಬೇಕೆಂದೇ ಮುಚ್ಚಿತ್ತು. ಅದು 1998ರಲ್ಲಿ ಮತ್ತೆ ತೆರೆಯಿತು. ರೋಗ ಒಂದೇ, ಒಬ್ಬ ಉಳಿದ, ಇನ್ನೊಬ್ಬ ಹೋದ. ಯಾಕೆ? ಮಾರ್ನಿಂಗ್‌ಟನ್ ಕ್ರೆಸೆಂಟ್ ಇದ್ದದ್ದು ಹೇಗಿದ್ದರೂ ರೈಲು ಹಾದುಹೋಗುವ ದಾರಿಯಲ್ಲಿ. ಆಲ್ಡ್‌ವಿಚ್ ಒಂದು ಕುರುಡು ಕವಲಿನ ತುದಿ. ಹೋಬರ್ನ್‌ನಿಂದ ಅಲ್ಲಿಗೆ ಒಂದು ರೈಲು ಹೋಗುತ್ತಿತ್ತು, ವಾಪಸ್ ಬರುತ್ತಿತ್ತು, ಅಷ್ಟೇ. ಆ ಒಂದು ನಿಲ್ದಾಣಕ್ಕೋಸ್ಕರವೇ ಒಂದು ರೇಕ್ ಮತ್ತು ಸಿಬ್ಬಂದಿ.

ಸಂಕಟ ಬರುವುದು ಮೂರನೇ ಬಗೆಯದರಲ್ಲಿ. ನಿಲ್ದಾಣದ ಜೊತೆ ದಾರಿಯೂ ಹೋದಾಗ. ಬ್ರಿಟನ್ನಿನಲ್ಲಿ 1963ರಲ್ಲಿ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಕೊಟ್ಟ ವರದಿ 2,363 ನಿಲ್ದಾಣಗಳನ್ನು ಮುಚ್ಚಿ ಎಂದಿತು. ಸುಮಾರು 8,000 ಕಿ.ಮೀ. ಮಾರ್ಗವನ್ನೂ ಅದೇ ಪಟ್ಟಿಗೆ ಸೇರಿಸಿತು. ಎಲ್ಲವೂ ಮುಚ್ಚಲಿಲ್ಲ, ಆದರೆ ಹೆಚ್ಚಿನವು ಮುಚ್ಚಿದವು. ಮುಚ್ಚಿದ್ದು ಒಂದು ತಪ್ಪೋ ಸರಿಯೋ, ಜಗಳವಾಡಬಹುದು. ಅದಕ್ಕಿಂತ ದೊಡ್ಡ ತಪ್ಪು ಜಾಗ ಮಾರಿದ್ದು ಎಂಬುದು ನನ್ನ ಅಭಿಪ್ರಾಯ. ನಾಟಿಂಗ್‌ಹ್ಯಾಮ್ ವಿಕ್ಟೋರಿಯಾ ನಿಲ್ದಾಣ 1967ರಲ್ಲಿ ಮುಚ್ಚಿತು. ಈಗ ಅಲ್ಲಿ ಮಾಲ್ ಇದೆ, ಹಳೇ ಗಡಿಯಾರದ ಗೋಪುರ ಒಂದು ಉಳಿದಿದೆ. ಗ್ಲಾಸ್ಗೋದ ಸೇಂಟ್ ಈನಕ್ ನಿಲ್ದಾಣದ ಜಾಗದಲ್ಲೂ ಮಾಲ್. ಇವನ್ನು ವಾಪಸ್ ತರುವುದು ಯಾರಿಂದಲೂ ಆಗದು.

ದಾರಿ ಉಳಿದಿದ್ದರೆ ಮಾತೇ ಬೇರೆ. ಲಂಡನ್ನಿನ ಸ್ನೋ ಹಿಲ್ ಸುರಂಗ ನನಗೆ ತುಂಬ ಇಷ್ಟದ ಉದಾಹರಣೆ. ಅದರಲ್ಲಿ 1916ರಲ್ಲೇ ಪ್ರಯಾಣಿಕರ ರೈಲು ನಿಂತುಹೋಗಿತ್ತು. ಆಮೇಲೆ ಎಷ್ಟೋ ವರ್ಷ ಗೂಡ್ಸ್ ಓಡಿ, ಅದೂ ನಿಂತಿತು. ಉತ್ತರದ ರೈಲು ಊರ ಆ ಮಗ್ಗುಲಲ್ಲಿ ನಿಲ್ಲುತ್ತಿತ್ತು, ದಕ್ಷಿಣದ್ದು ಈ ಮಗ್ಗುಲಲ್ಲಿ. 1988ರಲ್ಲಿ ಸುರಂಗಕ್ಕೆ ಮತ್ತೆ ಹಳಿ ಹಾಕಿ ಥೇಮ್ಸ್‌ಲಿಂಕ್ ಎಂಬ ರೈಲು ಸೇವೆ ಶುರು ಮಾಡಿದರು. ಎರಡೂ ಕಡೆಯ ರೈಲುಗಳು ನೇರ ಹಾದುಹೋಗತೊಡಗಿದವು. ಈಗ ಗಂಟೆಗೆ 24 ರೈಲು ಬಿಡಬಹುದು ಎಂಬ ಗುರಿಯಿಟ್ಟು ಅಲ್ಲಿ ಸಿಗ್ನಲ್ ಹಾಕಿದ್ದಾರೆ.

ಮೇಲೆ ಹಾಕಿದ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ ನೋಡಿ. ಪೇಟೆಯ ನಡುವೆ ರೈಲು ಬಂದು ತಿರುಗಿದರೆ ಒಂದು ಪ್ಲಾಟ್‌ಫಾರ್ಮನ್ನು ಹತ್ತು ಹದಿನೈದು ನಿಮಿಷ ಹಿಡಿದು ಕೂರುತ್ತದೆ. ವಾಪಸ್ ಹೊರಡುವಾಗ ಎದುರು ಬರುವ ರೈಲಿಗೆ ಅಡ್ಡ ಹಾಯುತ್ತದೆ. ನೇರ ಹಾದುಹೋದರೆ ಒಂದು ನಿಮಿಷ ನಿಂತು ಹೊರಡುತ್ತದೆ. ಅಂದರೆ ಕಳೆದುಹೋದ ನಿಲ್ದಾಣ ತೆರೆದರೆ ನಿಮಿಷ ಕೊಡಬೇಕು. ಕಳೆದುಹೋದ ಕೊಂಡಿ, ಅಂದರೆ ಎರಡು ಲೈನುಗಳನ್ನು ಜೋಡಿಸುವ ದಾರಿ ತೆರೆದರೆ ನಿಮಿಷ ಸಿಗುತ್ತದೆ. ಯಾರಾದರೂ ನನ್ನ ಮುಂದೆ ಹತ್ತು ಹಳೇ ನಿಲ್ದಾಣಗಳ ಪಟ್ಟಿ ಇಟ್ಟರೆ ನಾನು ಮೊದಲು ಹುಡುಕುವುದು ಅದರಲ್ಲಿ ಕೊಂಡಿ ಯಾವುದಿದೆ ಎಂದು.

ಲಂಡನ್ನಿನ ಪೂರ್ವದಲ್ಲೂ ಹೀಗೇ ಆಯಿತು. ಬ್ರಾಡ್ ಸ್ಟ್ರೀಟ್ ನಿಲ್ದಾಣವನ್ನು 1986ರಲ್ಲಿ ಮುಚ್ಚಿ, ಕೆಡವಿ, ಆಫೀಸು ಕಟ್ಟಿದರು. ಅದೇ ವರ್ಷ ಡಾಲ್‌ಸ್ಟನ್ ಜಂಕ್ಷನ್ ಕೂಡ ಮುಚ್ಚಿತು. ಆದರೆ ಅಲ್ಲಿಗೆ ಹೋಗುವ ಇಟ್ಟಿಗೆ ಕಮಾನಿನ ಮೇಲ್ಸೇತುವೆ ಉಳಿದಿತ್ತು. 2010ರಲ್ಲಿ ಅದನ್ನು ಹಳೇ ಈಸ್ಟ್ ಲಂಡನ್ ಲೈನಿಗೆ ಜೋಡಿಸಿದರು. ರೈಲು ಬ್ರಾಡ್ ಸ್ಟ್ರೀಟಿಗೆ ಹೋಗುವುದಿಲ್ಲ, ಪಕ್ಕಕ್ಕೆ ತಿರುಗಿ ನದಿ ದಾಟಿ ದಕ್ಷಿಣಕ್ಕೆ ಹೋಗುತ್ತದೆ. ವಾಪಸ್ ಬಂದದ್ದು ಹಳೇ ಸೇವೆ ಅಲ್ಲ, ಹಳೇ ಸೇತುವೆಯ ಮೇಲೆ ಹೊಸ ಸೇವೆ. ಇದು ಗಮನಿಸಬೇಕಾದ ಮಾತು. ಅಜ್ಜನ ಕಾಲದ ಜನ ಹೋಗುತ್ತಿದ್ದ ಕಡೆಗೇ ಇವತ್ತಿನವರೂ ಹೋಗುತ್ತಾರೆ ಎಂದೇನಿಲ್ಲ.

ಪ್ಯಾರಿಸ್ ಮತ್ತು ವಿಯೆನ್ನಾ ಪಕ್ಕಪಕ್ಕ ಇಟ್ಟರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಪ್ಯಾರಿಸ್ಸಿನಲ್ಲಿ ಊರನ್ನೇ ಸುತ್ತುವ 32 ಕಿ.ಮೀ. ರೈಲು ದಾರಿ ಇತ್ತು, ಪೆತೀತ್ ಸಾಂತ್ಯೂರ್ ಅಂತ. 1900ರಲ್ಲಿ ಮೆಟ್ರೊ ಬಂತು, ಜನ ಅತ್ತ ಹೋದರು. 1934ರಲ್ಲಿ ಬಹುಪಾಲು ದಾರಿಯಲ್ಲಿ ಪ್ರಯಾಣಿಕರ ರೈಲು ನಿಂತಿತು. ಹಳಿ ಎಷ್ಟೋ ಕಡೆ ಹಾಗೇ ಇದೆ. ಆದರೂ ಹೊಸ ಟ್ರಾಮ್ ಹಾಕುವಾಗ ಅಲ್ಲಿನವರು ಆ ದಾರಿ ಬಿಟ್ಟು, ಹತ್ತಿರದ ಅಗಲ ರಸ್ತೆಗಳನ್ನು ಆರಿಸಿಕೊಂಡರು. 2006ರಲ್ಲಿ ಟ್ರಾಮ್ ಓಡಿತು. ರೈಲು ಪ್ರೀತಿಸುವವರು ಇವತ್ತಿಗೂ ಅವರನ್ನು ಬೈಯುತ್ತಾರೆ. ನಾನು ಬೈಯಲಾರೆ. ಹಳೇ ದಾರಿ ಕೆಲವು ಕಡೆ ಹಳ್ಳದಲ್ಲಿದೆ, ಕೆಲವು ಕಡೆ ಸೇತುವೆಯ ಮೇಲಿದೆ, ಇನ್ನು ಕೆಲವು ಕಡೆ ಸುರಂಗದಲ್ಲಿದೆ. ಹತ್ತಿ ಇಳಿಯಬೇಕು. ಮೆಟ್ರೊ ನಿಲ್ದಾಣಕ್ಕೂ ಅದಕ್ಕೂ ಸರಿಯಾದ ಜೋಡಣೆ ಇಲ್ಲ. ಟ್ರಾಮ್ ಆದರೆ ಮನೆ ಮುಂದಿನ ರಸ್ತೆಯಲ್ಲೇ ಸಿಗುತ್ತದೆ.

ವಿಯೆನ್ನಾದಲ್ಲಿ ಊರ ಪಶ್ಚಿಮ ಅಂಚಿನ ಹಳೇ ಲೈನು 1932ರಲ್ಲಿ ಪ್ರಯಾಣಿಕರಿಗೆ ಮುಚ್ಚಿತ್ತು. ನಿಲ್ದಾಣಗಳನ್ನು ಕಟ್ಟಿದ್ದು ಹೆಸರಾಂತ ವಾಸ್ತುಶಿಲ್ಪಿ ಒಟ್ಟೊ ವಾಗ್ನರ್. 1987ರಲ್ಲಿ ಅದು ಎಸ್45 ಎಂಬ ಹೆಸರಲ್ಲಿ ಮತ್ತೆ ಶುರುವಾಯಿತು. ಇವತ್ತು ಅದರ ಎರಡೂ ಕೊನೆಯಲ್ಲಿ ಮತ್ತು ನಡುವೆ ಮೆಟ್ರೊ ಸಿಗುತ್ತದೆ. ಪೇಟೆಗೆ ಹೋಗಿ ಬರದೆ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗಬಹುದು. ವಾಗ್ನರ್ ಚೆಲುವು ನೋಡಲು ಪ್ರವಾಸಿಗರು ಬರುತ್ತಾರೆ. ಉಳಿದ ಜನ ಬರುವುದು ಮೆಟ್ರೊ ಬದಲಿಸಲು.

ದುಡ್ಡಿನ ಮಾತು ಬಂದೇ ಬರುತ್ತದೆ. ಇಂಗ್ಲೆಂಡಿನ ಓಕ್‌ಹ್ಯಾಂಪ್ಟನ್‌ಗೆ 1972ರಲ್ಲಿ ನಿಂತಿದ್ದ ದಿನನಿತ್ಯದ ರೈಲು 2021ರ ನವೆಂಬರಿನಲ್ಲಿ ವಾಪಸ್ ಬಂತು. ಖರ್ಚು ಸುಮಾರು 4 ಕೋಟಿ ಪೌಂಡ್. ಇಷ್ಟು ಅಗ್ಗಕ್ಕೆ ಆಗಲು ಕಾರಣ ಕಲ್ಲಿನ ಕ್ವಾರಿ. ಅದಕ್ಕಾಗಿ ಗೂಡ್ಸ್ ಓಡುತ್ತಿದ್ದುದರಿಂದ ಹಳಿಯನ್ನು ಕಿತ್ತಿರಲಿಲ್ಲ. ಸ್ಕಾಟ್‌ಲೆಂಡಿನಲ್ಲಿ ಎಡಿನ್‌ಬರೋದಿಂದ ಟ್ವೀಡ್‌ಬ್ಯಾಂಕ್‌ವರೆಗಿನ ಲೈನಿನಲ್ಲಿ ಮತ್ತೆ ಕಟ್ಟಿದ 48 ಕಿ.ಮೀ. 2015ರಲ್ಲಿ ತೆರೆಯಿತು. ಅದಕ್ಕೆ 29 ಕೋಟಿ ಪೌಂಡ್ ಮೀರಿತು. ಅಲ್ಲಿ 1969ರಲ್ಲಿ ಮುಚ್ಚಿ ಹಳಿ ಕಿತ್ತಿದ್ದರು. ಊರ ಬೈಪಾಸ್ ರಸ್ತೆ ಆ ದಾರಿಯನ್ನೇ ತುಂಡು ಮಾಡಿತ್ತು. ಹಾಗಾಗಿ ಹಳೇ ಲೈನು ನೋಡಲು ಹೋದಾಗ ನಾನು ಮೊದಲು ಕೇಳುವುದು ಗೂಡ್ಸ್ ಎಲ್ಲಿವರೆಗೆ ಹೋಗುತ್ತೆ ಎಂದು. ದಿನಕ್ಕೊಂದು ಗೂಡ್ಸ್ ಸಾಕು, ದಾರಿಯ ಮೇಲೆ ಯಾರೂ ಮನೆ ಕಟ್ಟುವುದಿಲ್ಲ.

ಟ್ವೀಡ್‌ಬ್ಯಾಂಕ್ ಲೈನಿನಲ್ಲಿ ಇನ್ನೊಂದು ಪಾಠ ಇದೆ. ಹಣ ಉಳಿಸಲು ಬಹುಪಾಲು ಒಂಟಿ ಹಳಿ ಹಾಕಿದರು. ನಡುವೆ ಮೂರು ಕಡೆ ಮಾತ್ರ ಜೋಡಿ ಹಳಿ. ಎದುರು ರೈಲು ಅಲ್ಲೇ ಕ್ರಾಸಿಂಗ್ ಆಗಬೇಕು. ಅರ್ಧ ಗಂಟೆಗೊಂದು ರೈಲು ಬಿಟ್ಟಾಗ ಒಂದು ನಾಲ್ಕು ನಿಮಿಷ ತಡವಾದರೆ ಎದುರಿನದೂ ಕಾಯಬೇಕು, ಅದರ ಹಿಂದಿನದೂ ಕಾಯಬೇಕು. ಜನರೋ, ಅಂದಾಜಿಗಿಂತ ಜಾಸ್ತಿ ಬಂದರು. ಮೊದಲ ವರ್ಷವೇ ಹತ್ತು ಲಕ್ಷ ದಾಟಿತು. ಈಗ ಇನ್ನಷ್ಟು ರೈಲು ಬಿಡೋಣ ಎಂದರೆ ಗೆರೆ ಎಳೆಯಲು ಜಾಗವಿಲ್ಲ. ಹೊಸದಾಗಿ ಕಟ್ಟಿದ ಸೇತುವೆಯನ್ನಾದರೂ ಎರಡು ಹಳಿ ಹಿಡಿಸುವಷ್ಟು ಅಗಲ ಕಟ್ಟಿ ಎಂದು ನಾನು ಕೂತ ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಹಳಿ ನಾಳೆ ಹಾಕಬಹುದು, ಸೇತುವೆಯನ್ನು ಎಳೆದು ಅಗಲ ಮಾಡಲಾಗದು.

ಉದ್ಯಾನದ ವಿಷಯವನ್ನೂ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1983ರಿಂದ ಒಂದು ಕಾನೂನು ಇದೆ. ಬಿಟ್ಟುಹೋದ ರೈಲು ದಾರಿಯನ್ನು ನಡೆಯುವವರಿಗೆ, ಸೈಕಲ್ಲಿನವರಿಗೆ ಕೊಡಬಹುದು. ಮುಂದೆ ರೈಲಿಗೆ ಬೇಕಾದರೆ ವಾಪಸ್ ತೆಗೆದುಕೊಳ್ಳಬಹುದು. ಕಾಗದದ ಮೇಲೆ ಜಾಣ ಏರ್ಪಾಡು. ಆದರೆ ಇಪ್ಪತ್ತು ವರ್ಷ ಬೆಳಗಿನ ವಾಕಿಂಗ್ ಮಾಡಿದವರ ಮುಂದೆ ಹೋಗಿ, ಇಲ್ಲಿ ಹಳಿ ಹಾಕುತ್ತೇವೆ ಏಳಿ ಎನ್ನಲು ಎಂಟೆದೆ ಬೇಕು ಅಲ್ವಾ? ಆದರೂ ಮಾಲಿಗಿಂತ ಉದ್ಯಾನ ಮೇಲು.

ಈಗ ನಾನು ಕಣ್ಣಿಟ್ಟಿರುವುದು ಬರ್ಲಿನ್ನಿನ ಸೀಮೆನ್ಸ್ ಲೈನಿನ ಮೇಲೆ. ನಾಲ್ಕೂವರೆ ಕಿ.ಮೀ. ಉದ್ದ, ಮೂರು ನಿಲ್ದಾಣ. ಸೀಮೆನ್ಸ್ ಕಂಪನಿ ತನ್ನ ಕೆಲಸಗಾರರಿಗಾಗಿ ಕಟ್ಟಿಸಿ 1929ರಲ್ಲಿ ತೆರೆದದ್ದು. 1980ರಲ್ಲಿ ನಿಂತಿತು. ಅದೇ ವರ್ಷ ಪಕ್ಕಕ್ಕೆ ಮೆಟ್ರೊ ಬಂತು. ಪಾರಂಪರಿಕ ಕಟ್ಟಡ ಎಂದು ರಕ್ಷಣೆ ಸಿಕ್ಕಿದ್ದರಿಂದ ಉಕ್ಕಿನ ಮೇಲ್ಸೇತುವೆ ತುಕ್ಕು ಹಿಡಿಯಿತೇ ಹೊರತು ಹೋಗಲಿಲ್ಲ. ಈಗ ಮತ್ತೆ ತೆರೆಯುವ ಕೆಲಸ ನಡೆದಿದೆ. ಫೋಟೋಗಳಲ್ಲಿ ಎಲ್ಲರೂ ತೋರಿಸುವುದು ಆ ಸೇತುವೆಯನ್ನು, ಪ್ಲಾಟ್‌ಫಾರ್ಮಿನ ಮೇಲೆ ಬೆಳೆದ ಮರಗಳನ್ನು. ನಾನು ನೋಡುವುದು ಯುಂಗ್‌ಫರ್ನ್‌ಹೈಡೆ ಜಂಕ್ಷನ್ನನ್ನು. ಆ ಮೂರು ನಿಲ್ದಾಣದ ರೈಲು ಊರು ಸುತ್ತುವ ರಿಂಗ್ ಲೈನಿಗೆ ಸೇರುವುದು ಅಲ್ಲಿ. ರಿಂಗಿನಲ್ಲಿ ಈಗಾಗಲೇ ಕೆಲವೇ ನಿಮಿಷಕ್ಕೊಂದು ರೈಲು ಓಡುತ್ತಿದೆ. ಹೊಸ ಗೆರೆಯನ್ನು ಅವುಗಳ ನಡುವೆ ಎಲ್ಲಿ ಎಳೆಯುತ್ತಾರೆ ಎನ್ನುವುದೇ ನನ್ನ ಕುತೂಹಲ.